ಗಡಸು ನೀರಿನ ಗೆಳೆಯ ಮೊಲ್ಲಿ ಮೀನು: ಸಾಕಣೆ ಮತ್ತು ಆರೈಕೆ

ಅಕ್ವೇರಿಯಂ ಅಂಗಡಿಗೆ ಮೊದಲ ಬಾರಿಗೆ ಹೋದವರಿಗೆ ತೋರಿಸುವ ಮೀನುಗಳಲ್ಲಿ ಮೊಲ್ಲಿಯೂ ಒಂದು. ಬೆಲೆ ಕಡಿಮೆ, ಬಣ್ಣ ಚೆನ್ನ, ಜೊತೆಯ ಮೀನುಗಳೊಡನೆ ಹೊಂದಿಕೊಂಡು ಹೋಗುವ ಸ್ವಭಾವ, ಸಾಲದ್ದಕ್ಕೆ ಮೊಟ್ಟೆಯ ಬದಲು ಮರಿಯನ್ನೇ ಹಾಕುವ ವೈಶಿಷ್ಟ್ಯ. ಇಷ್ಟೆಲ್ಲ ಗುಣಗಳಿರುವ ಮೀನು ಮನೆಗೆ ಬಂದ ಎರಡು-ಮೂರು ವಾರಗಳಲ್ಲಿ ಒಂದೊಂದಾಗಿ ಸಾಯತೊಡಗಿದರೆ ಮನೆಯವರು ಅಂಗಡಿಯವನನ್ನೋ, ಮೀನಿನ ತಳಿಯನ್ನೋ ದೂರುವುದು ಸಹಜ. ಆದರೆ ಬಹುತೇಕ ಸಂದರ್ಭಗಳಲ್ಲಿ ತಪ್ಪು ಇರುವುದು ನೀರಿನಲ್ಲಿ. ಮಕ್ಕಳು ಆಸೆಪಟ್ಟು ತಂದ ಮೀನಿಗೆ ಒಳ್ಳೆಯ ನೀರೇ ಇರಲೆಂದು ಆರ್‌ಒ ಶುದ್ಧೀಕರಣ ಯಂತ್ರದ ನೀರನ್ನು ತುಂಬಿಸಿದ ಮನೆಗಳಲ್ಲಿ ಮೊಲ್ಲಿ ಬೇಗ ಸಾಯುತ್ತದೆ. ಪಾತ್ರೆಯ ಮೇಲೆ ಬಿಳಿ ಕಲೆ ಉಳಿಸುವ, ಸೋಪು ನೊರೆಗಟ್ಟದ, ಗೃಹಿಣಿಯರು ಶಪಿಸುವ ಕೊಳವೆಬಾವಿಯ ನೀರಿನಲ್ಲಿ ಅದೇ ಮೀನು ಸುಖವಾಗಿ ಸಂಸಾರ ಹೂಡುತ್ತದೆ.

ತವರು ಮತ್ತು ತಳಿ

ಮೊಲ್ಲಿಯ ತವರು ಅಮೆರಿಕ ಖಂಡ. ಅಮೆರಿಕ ಸಂಯುಕ್ತ ಸಂಸ್ಥಾನದ ಆಗ್ನೇಯ ಕರಾವಳಿಯಿಂದ ಮೆಕ್ಸಿಕೊ ಹಾಗೂ ಮಧ್ಯ ಅಮೆರಿಕದವರೆಗಿನ ತೊರೆ, ಜೌಗು, ಅಳಿವೆಗಳಲ್ಲಿ ಇದರ ಹಲವು ಪ್ರಭೇದಗಳಿವೆ. ಫ್ರಾನ್ಸಿನ ನಿಸರ್ಗಶಾಸ್ತ್ರಜ್ಞ ಲೆಸ್ಯೂರ್ 1821ರಲ್ಲಿ ಈ ಗುಂಪಿನ ಮೀನೊಂದನ್ನು ವರ್ಣಿಸಿ, ತನ್ನ ದೇಶದ ಹಣಕಾಸು ಸಚಿವರಾಗಿದ್ದ ಮೊಲಿಯೆನ್ ಅವರ ಗೌರವಾರ್ಥ 'ಮೊಲಿನೇಸಿಯ' ಎಂಬ ಕುಲನಾಮ ಕೊಟ್ಟ. ಮುಂದೆ ವಿಜ್ಞಾನಿಗಳು ಇದನ್ನು ಗಪ್ಪಿ ಮೀನಿನ ಕುಲವಾದ 'ಪೊಸೀಲಿಯ'ದಲ್ಲಿ ಸೇರಿಸಿದರೂ ಹಳೆಯ ಹೆಸರಿನ ತುಣುಕು ಅಂಗಡಿಗಳಲ್ಲಿ ಉಳಿದುಕೊಂಡಿತು.

ಮಾರಾಟದಲ್ಲಿರುವ ಮೊಲ್ಲಿಗಳು ಮುಖ್ಯವಾಗಿ ಮೂರು ಮೂಲಗಳಿಂದ ಬಂದವು: ಗಿಡ್ಡ ರೆಕ್ಕೆಯ ಸ್ಫೀನಾಪ್ಸ್, ಬೆನ್ನ ಮೇಲೆ ಹಾಯಿಯಂಥ ರೆಕ್ಕೆಯುಳ್ಳ ಲ್ಯಾಟಿಪಿನ್ನ ಮತ್ತು ಯುಕಾಟಾನ್ ಪರ್ಯಾಯದ್ವೀಪದ ವೆಲಿಫೆರ. ಇವುಗಳನ್ನು ಬೆರೆಸಿ ಬೆರೆಸಿ ಮಾಡಿದ ಮಿಶ್ರ ತಳಿಗಳೇ ಇಂದಿನ ಕರಿ ಮೊಲ್ಲಿ, ಬಿಳಿಯ ಮೈಮೇಲೆ ಕಪ್ಪು ಚುಕ್ಕೆಯ ಡಾಲ್ಮೇಷಿಯನ್, ಬಾಲದ ಎರಡು ತುದಿ ಉದ್ದವಿರುವ ಲೈರ್‌ಟೇಲ್. ದುಂಡು ಹೊಟ್ಟೆಯ 'ಬಲೂನ್ ಮೊಲ್ಲಿ' ನೋಡಲು ಮುದ್ದಾಗಿ ಕಂಡರೂ ಅದರ ದುಂಡುತನಕ್ಕೆ ಕಾರಣ ಬೆನ್ನುಮೂಳೆಯ ವಿಕೃತಿ. ಒಳಗಿನ ಅಂಗಗಳು ಇಕ್ಕಟ್ಟಿನಲ್ಲಿ ಸಿಲುಕುವ ಈ ತಳಿಯನ್ನು ಕೊಳ್ಳದಿರುವುದೇ ಲೇಸು.

ಇದೇ ವಂಶದ ಅಮೆಜಾನ್ ಮೊಲ್ಲಿ ಅಂಗಡಿಯಲ್ಲಿ ಸಿಗುವಂಥದಲ್ಲವಾದರೂ ಜೀವವಿಜ್ಞಾನದಲ್ಲಿ ಪ್ರಸಿದ್ಧ. ಟೆಕ್ಸಾಸ್ ಮತ್ತು ಈಶಾನ್ಯ ಮೆಕ್ಸಿಕೊದಲ್ಲಿರುವ ಈ ಪ್ರಭೇದದಲ್ಲಿ ಇರುವುದೆಲ್ಲ ಹೆಣ್ಣುಗಳೇ. ಬೇರೆ ಪ್ರಭೇದದ ಗಂಡಿನೊಡನೆ ಕೂಡಿದರೂ ಮರಿಗೆ ತಂದೆಯ ಆನುವಂಶಿಕ ಪಾಲು ಸಾಮಾನ್ಯವಾಗಿ ಸೇರುವುದಿಲ್ಲ. ಮರಿ ತಾಯಿಯ ಪಡಿಯಚ್ಚು. ಬೆನ್ನುಮೂಳೆಯುಳ್ಳ ಜೀವಿಗಳಲ್ಲಿ ಇಂಥ ಹೆಣ್ಣುಮಾತ್ರ ಪ್ರಭೇದವೊಂದಿದೆ ಎಂಬುದು ಮೊದಲು ತಿಳಿದದ್ದು 1932ರಲ್ಲಿ, ಈ ಮೀನಿನಿಂದಲೇ.

ನೀರಿನ ಲೆಕ್ಕ

ಮೊಲ್ಲಿಯ ತವರಿನ ನೀರಿನಲ್ಲಿ ಸುಣ್ಣದಂಶ ಹೆಚ್ಚು. ಕರಾವಳಿಯಲ್ಲಿ ಉಪ್ಪಿನಂಶವೂ ಇರುತ್ತದೆ. ಮೆಲ್ಲಗೆ ಒಗ್ಗಿಸಿದರೆ ಸಮುದ್ರದ ನೀರಿನಲ್ಲೂ ಬದುಕಬಲ್ಲ ಈ ಮೀನು ಮೆದು ನೀರಿನಲ್ಲಿ ಮಾತ್ರ ಸೋಲುತ್ತದೆ. ಸಿಹಿನೀರಿನ ಮೀನಿನ ರಕ್ತದಲ್ಲಿ ಸುತ್ತಲಿನ ನೀರಿಗಿಂತ ಹೆಚ್ಚು ಲವಣಗಳಿರುತ್ತವೆ. ಆದ್ದರಿಂದ ಕಿವಿರುಗಳ ಮೂಲಕ ನೀರು ಒಳನುಗ್ಗುತ್ತಲೂ ಲವಣಗಳು ಹೊರಸೋರುತ್ತಲೂ ಇರುತ್ತವೆ. ನೀರಿನಲ್ಲಿರುವ ಕ್ಯಾಲ್ಸಿಯಂ ಕಿವಿರಿನ ಪೊರೆಯನ್ನು ಬಿಗಿಯಾಗಿರಿಸಿ ಈ ಸೋರಿಕೆಯನ್ನು ತಗ್ಗಿಸುತ್ತದೆ. ಕ್ಯಾಲ್ಸಿಯಂ ಇಲ್ಲದ ನೀರಿನಲ್ಲಿ ಮೊಲ್ಲಿ ಹಗಲಿರುಳೂ ಲವಣ ಕಳೆದುಕೊಳ್ಳುತ್ತ ಬಳಲುತ್ತದೆ.

ಈ ಬಳಲಿಕೆಯ ಮೊದಲ ಸೂಚನೆ ಕಣ್ಣಿಗೆ ಕಾಣುವಂಥದು. ಮೀನು ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡು, ಮುಂದೆ ಸಾಗದೆ, ನಿಂತಲ್ಲೇ ಹಾವಿನಂತೆ ಮೈ ಬಳುಕಿಸುತ್ತಿರುತ್ತದೆ. ಮಕ್ಕಳು 'ಡ್ಯಾನ್ಸ್ ಮಾಡುತ್ತಿದೆ' ಎಂದು ಖುಷಿಪಡುವ ಈ ಸ್ಥಿತಿ ಪ್ರತ್ಯೇಕ ರೋಗವಲ್ಲ. ನೀರು ಸರಿಯಿಲ್ಲವೆಂಬ ದೂರು. ಈ ಹಂತದಲ್ಲಿ ನೀರನ್ನು ಸರಿಪಡಿಸಿದರೆ ಮೀನು ಚೇತರಿಸಿಕೊಳ್ಳುವುದುಂಟು.

ಮೊಲ್ಲಿಗೆ ಪಿಎಚ್ 7.5ರಿಂದ 8.5ರ ನಡುವೆ, ಗಡಸುತನ ಲೀಟರಿಗೆ ಸುಮಾರು 250ರಿಂದ 500 ಮಿಲಿಗ್ರಾಂ ಇದ್ದರೆ ಹಿತ. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡದಲ್ಲಿ 200 ಮಿಲಿಗ್ರಾಂ ಅಪೇಕ್ಷಣೀಯ ಮಿತಿಯಾಗಿದ್ದು, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಅವಕಾಶವಿದೆ. ಜನರು 'ಗಡಸು' ಎಂದು ಮೂಗು ಮುರಿಯುವ ಈ ನಡುವಿನ ವಲಯವೇ ಮೊಲ್ಲಿಯ ವಲಯ. ಬಯಲುಸೀಮೆಯ ಕೊಳವೆಬಾವಿಗಳ ನೀರು ಅನೇಕ ಕಡೆ ಇದೇ ವಲಯದಲ್ಲಿ ಬರುತ್ತದೆ.

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ವಾಸಿಸುವವರು ಒಂದು ವಿಷಯ ಗಮನಿಸಬೇಕು. ಅನೇಕ ಸಮುಚ್ಚಯಗಳಲ್ಲಿ ಕೊಳವೆಬಾವಿಯ ನೀರನ್ನು ಸಾಫ್ಟ್‌ನರ್ ಯಂತ್ರದ ಮೂಲಕ ಹಾಯಿಸಿ ನಲ್ಲಿಗೆ ಬಿಡಲಾಗುತ್ತದೆ. ಈ ಯಂತ್ರ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದಿಟ್ಟುಕೊಂಡು ಅವುಗಳ ಬದಲಿಗೆ ಸೋಡಿಯಂ ಬಿಡುತ್ತದೆ. ಮನೆಮನೆಯಲ್ಲೂ ಇರುವ ಟಿಡಿಎಸ್ ಮೀಟರ್ ಕರಗಿದ ಲವಣಗಳ ಒಟ್ಟು ಪ್ರಮಾಣವನ್ನು ಮಾತ್ರ ಅಂದಾಜಿಸುತ್ತದೆಯಾದ್ದರಿಂದ ಅದರಲ್ಲಿ 600, 700 ಎಂಬ ಸಂಖ್ಯೆ ಕಂಡರೂ ಗಡಸುತನ ಶೂನ್ಯದ ಹತ್ತಿರವಿರಬಹುದು. ಅಂಕಿ ನೋಡಿ ನಂಬಿದವರ ಮೊಲ್ಲಿಗಳು ಸಾಯುವುದು ಹೀಗೆ. ಹನಿ ಹಾಕಿ ಬಣ್ಣ ನೋಡುವ ಗಡಸುತನದ ಪರೀಕ್ಷಾ ಕಿಟ್ ಅಕ್ವೇರಿಯಂ ಅಂಗಡಿಗಳಲ್ಲಿ ದೊರೆಯುತ್ತದೆ. ಕೊಳ್ಳುವುದಾದರೆ ಅದನ್ನೇ ಕೊಳ್ಳಬೇಕು. ಸಾಫ್ಟ್‌ನರ್‌ಗೆ ಮೊದಲಿನ ನೀರು ಎಲ್ಲಿ ಸಿಗುತ್ತದೆಂದು ನಿರ್ವಹಣೆಯವರನ್ನು ವಿಚಾರಿಸಬಹುದು. ಆದರೆ ತೋಟದ ನಲ್ಲಿಗೆ ಕೈಹಾಕುವ ಮೊದಲು ಅದು ಸಂಸ್ಕರಿಸಿದ ಚರಂಡಿ ನೀರಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳುವುದು ಅಗತ್ಯ.

ಕರಾವಳಿಯ ಸಮಸ್ಯೆ ಬೇರೆ ಬಗೆಯದು. ಮಂಗಳೂರು, ಉಡುಪಿ ಕಡೆಯ ಮುರಕಲ್ಲಿನ ಬಾವಿಗಳ ನೀರು ಸಾಮಾನ್ಯವಾಗಿ ಮೆದು, ತುಸು ಆಮ್ಲೀಯ. ಅಲ್ಲಿ ಪರಿಹಾರವೂ ಹತ್ತಿರದಲ್ಲೇ ಇದೆ. ಮರುವಾಯಿ ಅಥವಾ ಕಪ್ಪೆಚಿಪ್ಪನ್ನು ಚೆನ್ನಾಗಿ ತೊಳೆದು, ಕುದಿಸಿ, ಪುಡಿಗಟ್ಟಿ, ತೆಳು ಬಟ್ಟೆಯ ಚೀಲದಲ್ಲಿ ಕಟ್ಟಿ ಫಿಲ್ಟರಿನೊಳಗೆ ಇಟ್ಟರೆ ಅದು ನಿಧಾನವಾಗಿ ಕರಗಿ ನೀರಿಗೆ ಕ್ಯಾಲ್ಸಿಯಂ ಸೇರಿಸುತ್ತದೆ. ಸುಟ್ಟ ಸುಣ್ಣವನ್ನು ಮಾತ್ರ ಎಂದಿಗೂ ಹಾಕಬಾರದು. ಅದು ಪಿಎಚ್ ಅನ್ನು ಒಮ್ಮೆಲೇ ಏರಿಸಿ ಮೀನನ್ನು ಕೊಲ್ಲುತ್ತದೆ.

ಇನ್ನು ಉಪ್ಪಿನ ಮಾತು. 'ಮೊಲ್ಲಿಗೆ ಉಪ್ಪು ಹಾಕಿ' ಎಂಬುದು ಅಂಗಡಿಗಳಲ್ಲಿ ಕೇಳಿಬರುವ ಸಾಮಾನ್ಯ ಸಲಹೆ. ಲೀಟರಿಗೆ ಒಂದೆರಡು ಗ್ರಾಂ ಹರಳುಪ್ಪು ಈ ಮೀನಿಗೆ ಹಾನಿಯೇನೂ ಮಾಡದು. ಮೆದು ನೀರಿನಲ್ಲಿ ಒಂದಿಷ್ಟು ಆಸರೆಯನ್ನೂ ಕೊಡುತ್ತದೆ. ಆದರೆ ಅಡುಗೆ ಉಪ್ಪಿನಲ್ಲಿರುವುದು ಸೋಡಿಯಂ ಕ್ಲೋರೈಡ್. ಅದರಿಂದ ಗಡಸುತನ ಹೆಚ್ಚುವುದಿಲ್ಲ. ಜೊತೆಗೆ ತೊಟ್ಟಿಯಲ್ಲಿರುವ ಗಿಡಗಳಿಗೂ ಉಪ್ಪು ಸಹಿಸದ ಬೇರೆ ಮೀನುಗಳಿಗೂ ತೊಂದರೆ. ನೀರು ಸಾಕಷ್ಟು ಗಡಸಾಗಿದ್ದರೆ ದಿನನಿತ್ಯದ ಉಪ್ಪಿನ ಅಗತ್ಯವೇ ಇಲ್ಲ.

ತೊಟ್ಟಿ ಸಿದ್ಧಪಡಿಸುವುದು

ಗುಂಡು ಗಾಜಿನ ಬೋಗುಣಿ ಮೊಲ್ಲಿಗೆ ತಕ್ಕ ಮನೆಯಲ್ಲ. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 55 ಲೀಟರ್ ನೀರು ಹಿಡಿಯುತ್ತದೆ. ಗಿಡ್ಡ ರೆಕ್ಕೆಯ ಐದಾರು ಮೊಲ್ಲಿಗಳಿಗೆ ಇದು ಸಾಕು. ಬೆರಳುದ್ದ ಮೀರಿ ಬೆಳೆಯುವ ಹಾಯಿರೆಕ್ಕೆಯ ಮೊಲ್ಲಿಗೆ ಮೂರಡಿಯ ತೊಟ್ಟಿ ಬೇಕು. ಗಂಡು ಮೀನು ಹೆಣ್ಣನ್ನು ಬಿಡದೆ ಅಟ್ಟಿಸಿಕೊಂಡು ಹೋಗುವುದರಿಂದ ಒಂದು ಗಂಡಿಗೆ ಎರಡು-ಮೂರು ಹೆಣ್ಣುಗಳಿರುವುದು ಕ್ಷೇಮ. ತೊಟ್ಟಿಗೆ ಮುಚ್ಚಳವಿರಲಿ, ಮೊಲ್ಲಿ ಹಾರಬಲ್ಲದು.

ಹೊಸ ತೊಟ್ಟಿಗೆ ನೀರು ತುಂಬಿಸಿ ಅಂದೇ ಮೀನು ಬಿಡುವುದು ಎರಡನೆಯ ದೊಡ್ಡ ತಪ್ಪು. ಮೀನಿನ ವಿಸರ್ಜನೆ ಮತ್ತು ಉಳಿದ ಆಹಾರದಿಂದ ಅಮೋನಿಯ ಉಂಟಾಗುತ್ತದೆ. ಅದನ್ನು ಮೊದಲು ನೈಟ್ರೈಟ್ ಆಗಿಯೂ ಬಳಿಕ ಅಷ್ಟೇನೂ ಅಪಾಯಕರವಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಗಡಸು ನೀರಿನ ವರವೇ ಇಲ್ಲಿ ಶಾಪವಾಗುವ ಸಂಗತಿಯೊಂದಿದೆ. ಪಿಎಚ್ 7ರಿಂದ 8ಕ್ಕೆ ಏರಿದರೆ ಅಮೋನಿಯದ ವಿಷಕಾರಿ ರೂಪದ ಪಾಲು ಸುಮಾರು ಹತ್ತು ಪಟ್ಟು ಹೆಚ್ಚುತ್ತದೆ. ಮೊಲ್ಲಿಗೆ ಹಿತವಾದ ಕ್ಷಾರೀಯ ನೀರಿನಲ್ಲಿ ಅಲ್ಪ ಪ್ರಮಾಣದ ಅಮೋನಿಯವೂ ಮಾರಕ. ಆದ್ದರಿಂದ ಫಿಲ್ಟರ್ ಚಾಲೂ ಇಟ್ಟು, ಮೀನಿಲ್ಲದ ತೊಟ್ಟಿಗೆ ದಿನವೂ ಚಿಟಿಕೆ ಆಹಾರ ಹಾಕುತ್ತ ಕಾಯಬೇಕು. ಪರೀಕ್ಷೆಯಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಏರಿ ಮತ್ತೆ ಶೂನ್ಯಕ್ಕೆ ಇಳಿದ ಮೇಲೆ ಮೀನು ತರಬೇಕು. ಪರಿಚಿತರ ಆರೋಗ್ಯವಂತ ತೊಟ್ಟಿಯಿಂದ ಹಳೆಯ ಸ್ಪಂಜಿನ ತುಂಡೊಂದನ್ನು ಒದ್ದೆಯಾಗಿಯೇ ತಂದು ಹಾಕಿದರೆ ಕಾಯುವ ಅವಧಿ ಬಹಳ ಕಡಿಮೆಯಾಗುತ್ತದೆ.

ತಿಂಗಳಿಗೊಮ್ಮೆ ಭಾನುವಾರ ತೊಟ್ಟಿಯನ್ನು ಪೂರ್ತಿ ಬರಿದು ಮಾಡಿ, ಕಲ್ಲು-ಸ್ಪಂಜುಗಳನ್ನೆಲ್ಲ ನಲ್ಲಿಯಡಿ ಉಜ್ಜಿ ತೊಳೆಯುವ ಪದ್ಧತಿ ಅನೇಕ ಮನೆಗಳಲ್ಲಿದೆ. ಸ್ವಚ್ಛತೆಯ ಹೆಸರಿನ ಈ ಕೆಲಸದಿಂದ ಬ್ಯಾಕ್ಟೀರಿಯಾಗಳು ನಾಶವಾಗಿ ಅಮೋನಿಯ ಮತ್ತೆ ಏರುತ್ತದೆ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ, ಹೊರತೆಗೆದ ಆ ನೀರಿನಲ್ಲೇ ಸ್ಪಂಜನ್ನು ಹಿಂಡಿದರೆ ಸಾಕು. ನಗರದ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಅದನ್ನು ಅಗಲವಾದ ಪಾತ್ರೆಯಲ್ಲಿ ಒಂದು ದಿನ ಗಾಳಿಗೆ ಬಿಡಬೇಕು, ಇಲ್ಲವೇ ಕ್ಲೋರಿನ್ ನಿವಾರಕ ಹನಿಗಳನ್ನು ಬಳಸಬೇಕು.

ಉಷ್ಣಾಂಶ 24ರಿಂದ 28 ಡಿಗ್ರಿ ಸೆಲ್ಸಿಯಸ್ ಇರಬೇಕು. ಕರಾವಳಿಯಲ್ಲಿ ಹೀಟರ್ ಬೇಕಾಗುವುದಿಲ್ಲ. ಬೆಂಗಳೂರು, ಹಾಸನ, ಚಿಕ್ಕಮಗಳೂರುಗಳ ಡಿಸೆಂಬರ್-ಜನವರಿ ರಾತ್ರಿಗಳಿಗೆ 55 ಲೀಟರ್ ತೊಟ್ಟಿಗೆ 50 ವಾಟ್‌ನ ಹೀಟರ್ ಸೂಕ್ತ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಕಷ್ಟ ತಿರುವುಮುರುವು; ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆಯಾಗುವುದರಿಂದ ಗಾಳಿಯ ಪಂಪ್ ನಿಲ್ಲಬಾರದು. ವಿದ್ಯುತ್ ಕಡಿತ ಹೆಚ್ಚಿರುವ ಊರುಗಳಲ್ಲಿ ಬ್ಯಾಟರಿಯ ಪಂಪೊಂದು ಮನೆಯಲ್ಲಿರುವುದು ಒಳ್ಳೆಯದು.

ಆಹಾರ

ಮೊಲ್ಲಿ ಹೆಚ್ಚಾಗಿ ಸಸ್ಯಾಹಾರಿ. ತವರಿನಲ್ಲಿ ಪಾಚಿ ಮೇಯುವ ಈ ಮೀನಿಗೆ ಸ್ಪಿರುಲಿನ ಬೆರೆತ ಆಹಾರ, ಬೇಯಿಸಿದ ಪಾಲಕ್ ಎಲೆ, ಸಿಪ್ಪೆ ತೆಗೆದ ಬೆಂದ ಬಟಾಣಿ, ಸೌತೆಕಾಯಿಯ ಹೋಳು ಇಷ್ಟ. ಗಾಜಿನ ಮೇಲಿನ ಪಾಚಿಯನ್ನೂ ಅದು ಮೇಯುತ್ತದೆ. ದಿನಕ್ಕೆರಡು ಬಾರಿ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಬೇಕು. ಬ್ರೆಡ್ಡು, ಅನ್ನ, ಪುರಿ ಬೇಡ.

ಮರಿಗಳು

ಗಂಡು-ಹೆಣ್ಣು ಗುರುತಿಸುವುದು ಸುಲಭ. ಹೊಟ್ಟೆಯಡಿ ಬಾಲದ ಕಡೆಗಿರುವ ರೆಕ್ಕೆ ಹೆಣ್ಣಿನಲ್ಲಿ ಬೀಸಣಿಗೆಯಂತೆಯೂ ಗಂಡಿನಲ್ಲಿ ಕಡ್ಡಿಯಂತೆಯೂ ಇರುತ್ತದೆ. ಗರ್ಭಾವಧಿ ಸುಮಾರು ನಾಲ್ಕು ವಾರ. ತಂಪಿನಲ್ಲಿ ಇನ್ನೂ ಹೆಚ್ಚು. ಒಂದು ಸಲಕ್ಕೆ ಇಪ್ಪತ್ತು, ನಲವತ್ತು, ದೊಡ್ಡ ಹೆಣ್ಣಾದರೆ ಅದಕ್ಕಿಂತಲೂ ಹೆಚ್ಚು ಮರಿಗಳು ಹುಟ್ಟುತ್ತವೆ. ಹೆಣ್ಣು ಮೀನು ವೀರ್ಯವನ್ನು ತಿಂಗಳುಗಟ್ಟಲೆ ಕಾಪಿಟ್ಟುಕೊಳ್ಳುವುದರಿಂದ ಒಂಟಿಯಾಗಿ ತಂದ ಹೆಣ್ಣೂ ಮರಿ ಹಾಕಿ ಮನೆಯವರನ್ನು ಬೆರಗುಗೊಳಿಸುವುದುಂಟು. ತಾಯಿಯೇ ಮರಿಗಳನ್ನು ತಿನ್ನುತ್ತದೆಂದು ಅದನ್ನು ಚಿಕ್ಕ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ದಿನಗಟ್ಟಲೆ ಕೂಡಿಹಾಕುವುದು ಸರಿಯಲ್ಲ; ಗಾಬರಿಯಿಂದ ಗರ್ಭ ಕೆಡಬಹುದು. ತೊಟ್ಟಿಯಲ್ಲಿ ದಟ್ಟವಾಗಿ ನೀರುಗಿಡಗಳಿದ್ದರೆ ಸಾಕಷ್ಟು ಮರಿಗಳು ಅವಿತು ಉಳಿಯುತ್ತವೆ. ನುಣ್ಣಗೆ ಪುಡಿ ಮಾಡಿದ ಮಾಮೂಲಿ ಆಹಾರವೇ ಅವುಗಳಿಗೆ ಸಾಕು.

ಕಾಯಿಲೆ

ಮೈಮೇಲೆ ರವೆಯ ಕಾಳಿನಂಥ ಬಿಳಿ ಚುಕ್ಕೆ ಕಂಡರೆ ಅದು 'ಇಕ್' ಎಂಬ ಪರೋಪಜೀವಿಯ ಬಾಧೆ. ಚರ್ಮದೊಳಗೆ ಹುದುಗಿರುವಾಗ ಅದಕ್ಕೆ ಔಷಧ ತಾಕುವುದಿಲ್ಲ. ತಳಕ್ಕೆ ಬಿದ್ದು ಮರಿಯೊಡೆದು ಈಜುವಾಗಷ್ಟೇ ಸಾಯುತ್ತದೆ. ಆದ್ದರಿಂದ ಚುಕ್ಕೆ ಮಾಯವಾದ ಮೇಲೂ ಕೆಲವು ದಿನ ಚಿಕಿತ್ಸೆ ಮುಂದುವರಿಸಬೇಕು. ನೀರನ್ನು ನಿಧಾನವಾಗಿ 30 ಡಿಗ್ರಿಯವರೆಗೆ ಬಿಸಿ ಮಾಡಿದರೆ ಪರೋಪಜೀವಿಯ ಜೀವನಚಕ್ರ ಬೇಗ ಮುಗಿಯುತ್ತದೆ. ಬಾಯಿಯ ಸುತ್ತ ಬೂದು-ಬಿಳಿ ಹತ್ತಿಯಂತೆ ಕಂಡರೆ ಅದು ಶಿಲೀಂಧ್ರವಲ್ಲದೆ ಕಾಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾ ಇರಬಹುದು. ಇದಕ್ಕೆ ನೀರು ಬಿಸಿ ಮಾಡಿದರೆ ರೋಗ ಉಲ್ಬಣಿಸುತ್ತದೆ. ಎರಡನ್ನೂ ಗೊಂದಲ ಮಾಡಿಕೊಂಡು ಹೀಟರ್ ಹಚ್ಚಿದವರು ರಾತ್ರಿ ಬೆಳಗಾಗುವುದರೊಳಗೆ ಮೀನು ಕಳೆದುಕೊಳ್ಳುವುದುಂಟು. ಹೊಸ ಮೀನನ್ನು ಎರಡು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡಿದರೆ ಎರಡೂ ಬಾಧೆಗಳನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಸರಿಯಾದ ನೀರು ಸಿಕ್ಕ ಮೊಲ್ಲಿ ಮೂರು ವರ್ಷದಷ್ಟು ಕಾಲ ಬದುಕುತ್ತದೆ. ಅಷ್ಟರಲ್ಲಿ ಮರಿಗಳ ಸಂಖ್ಯೆ ತೊಟ್ಟಿಯ ಮಿತಿ ಮೀರುವುದು ಖಂಡಿತ. ಹೆಚ್ಚಾದವನ್ನು ಊರಿನ ಕೆರೆಗೋ ಕಲ್ಯಾಣಿಗೋ ಬಿಡುವುದನ್ನು ಕೆಲವರು ಪುಣ್ಯದ ಕೆಲಸವೆಂದು ತಿಳಿದಿದ್ದಾರೆ. 1905ರಲ್ಲಿ ಸೊಳ್ಳೆ ನಿಯಂತ್ರಣಕ್ಕೆಂದು ಟೆಕ್ಸಾಸ್‌ನಿಂದ ಹವಾಯಿ ದ್ವೀಪಗಳಿಗೆ ಒಯ್ದ ಹಾಯಿರೆಕ್ಕೆಯ ಮೊಲ್ಲಿಗಳು ಅಲ್ಲಿ ಶಾಶ್ವತವಾಗಿ ನೆಲೆಯೂರಿವೆ. ಗಡಸು ನೀರಿನ ನಮ್ಮ ಕೆರೆಗಳಲ್ಲಿ ಅವು ಬದುಕಿ ಹಬ್ಬುವುದಕ್ಕೆ ಅಡ್ಡಿಯೇನೂ ಇಲ್ಲ. ಸ್ಥಳೀಯ ಸಣ್ಣ ಮೀನುಗಳ ಆಹಾರಕ್ಕೂ ನೆಲೆಗೂ ಅವು ಪಾಲುದಾರರಾಗುತ್ತವೆ. ಸ್ವಲ್ಪ ಬೆಳೆದ ಮರಿಗಳನ್ನು ಅಕ್ವೇರಿಯಂ ಅಂಗಡಿಯವರೇ ಅನೇಕ ವೇಳೆ ತೆಗೆದುಕೊಳ್ಳುತ್ತಾರೆ. ಸಂಖ್ಯೆ ಏರುವುದೇ ಬೇಡವೆನ್ನುವವರು ಮೊದಲಿಂದಲೂ ಗಂಡುಗಳನ್ನಷ್ಟೇ ಸಾಕಬಹುದು.