ವೇದನಾಶಾಮಕಗಳೂ ಚಿತ್ತದ ಕಳವಳವೂ

ಮಾರ್ಫಿನ್, ಪೆಥಿಡಿನ್, ಆಕ್ಸಿಕೋಡೋನ್, ಫೆಂಟನಿಲ್ ಮೊದಲಾದ ಪ್ರಬಲ ವೇದನಾಶಾಮಕಗಳೆಲ್ಲವೂ, ಕೆಲವು ಗಸಗಸೆಯ ಕಾಯಿಯ ಹಾಲಿನಿಂದ ಬಂದುವು, ಕೆಲವು ರಸಾಯನಶಾಲೆಯಲ್ಲಿ ನಿರ್ಮಿತವಾದುವು ಎಂಬ ಭೇದವನ್ನು ಬಿಟ್ಟರೆ, ಅಫೀಮಿನ ಒಂದೇ ಕುಲಕ್ಕೆ ಸೇರಿದುವು. ಇವುಗಳಿಂದ ಮಲಬದ್ಧತೆಯುಂಟಾಗುತ್ತದೆ, ಓಕರಿಕೆ ಬರುತ್ತದೆ, ಮಂಪರು ಕವಿಯುತ್ತದೆ, ಪ್ರಮಾಣ ಮೀರಿದರೆ ಉಸಿರೇ ನಿಲ್ಲುತ್ತದೆ ಎಂಬುದನ್ನು ವೈದ್ಯವಿದ್ಯಾರ್ಥಿಗಳೆಲ್ಲರೂ ಬಲ್ಲರು. ಆದರೆ ಇದೇ ಔಷಧವನ್ನು ತೆಗೆದುಕೊಂಡ ರೋಗಿಯು, ನೋವು ತಗ್ಗಿದ ಮೇಲೆಯೂ ಎದೆ ಡವಡವ ಎನ್ನುತ್ತದೆಂದೂ, ಕುಳಿತಲ್ಲಿ ಕೂರಲಾಗದೆಂದೂ, ಕಾರಣವಿಲ್ಲದೆ ಹೆದರಿಕೆಯಾಗುತ್ತದೆಂದೂ ಹೇಳಿಕೊಂಡಾಗ, ಅದನ್ನು ಅವನ ಸ್ವಭಾವದ ಲೆಕ್ಕಕ್ಕೋ ರೋಗದ ಲೆಕ್ಕಕ್ಕೋ ಬರೆದುಬಿಡುವುದು ಬಹುಕಾಲದಿಂದ ನಡೆದುಬಂದ ವಾಡಿಕೆ. ಭಯವನ್ನು ಶಮನಗೊಳಿಸುವ ಮದ್ದೇ ಭಯವನ್ನು ಹುಟ್ಟಿಸೀತೆಂದರೆ ನಂಬುವುದು ಸುಲಭವಲ್ಲ. ಆ ಕಳವಳಕ್ಕೆ ಹಲವು ದಾರಿಗಳುಂಟು, ಒಂದೊಂದಕ್ಕೂ ಪರಿಹಾರ ಬೇರೆ ಎಂಬುದನ್ನು ತಿಳಿಯುವುದಕ್ಕೆ ಪಾಶ್ಚಾತ್ಯ ವೈದ್ಯಶಾಸ್ತ್ರಕ್ಕೆ ಸುಮಾರು ಮುನ್ನೂರು ವರ್ಷಗಳೇ ಹಿಡಿದುವು.

ಇಂಗ್ಲೆಂಡಿನಲ್ಲಿ 17ನೆಯ ಶತಮಾನದ ಥಾಮಸ್ ಸಿಡೆನ್‌ಹ್ಯಾಂ ಅಫೀಮನ್ನು ಮದ್ಯದಲ್ಲಿ ಕರಗಿಸಿದ ಲಾಡನಮನ್ನು ದೇವರ ವರವೆಂಬಂತೆ ಕೊಂಡಾಡಿದ ಕಾಲಕ್ಕೆ, ಅದರ ಶಾಂತಿಕಾರಕ ಗುಣವೊಂದೇ ವೈದ್ಯರ ಕಣ್ಣಿಗೆ ಬಿದ್ದಿತ್ತು. 1700ರಲ್ಲಿ ಜಾನ್ ಜೋನ್ಸ್ ಎಂಬ ವೈದ್ಯನು ಅಫೀಮಿನ ರಹಸ್ಯಗಳನ್ನು ಕುರಿತು ಬರೆದ ಗ್ರಂಥದಲ್ಲಿ, ದೀರ್ಘಕಾಲ ಧಾರಾಳವಾಗಿ ಸೇವಿಸಿ ಒಮ್ಮೆಲೇ ಬಿಟ್ಟವರಿಗೆ ಸಹಿಸಲಾಗದ ಸಂಕಟವೂ ಆತಂಕವೂ ಮನಸ್ಸಿನ ಕುಗ್ಗುವಿಕೆಯೂ ಬರುವುದೆಂದು ಸ್ಪಷ್ಟವಾಗಿ ಹೇಳಿದನು. ಅದೇ ಗ್ರಂಥದಲ್ಲಿ ಅಫೀಮಿನ ಪ್ರಶಂಸೆಯೂ ಅಪಾರವಾಗಿದ್ದುದರಿಂದಲೋ ಏನೋ, ಓದಿದವರು ಹೊಗಳಿಕೆಯನ್ನು ನೆನಪಿಟ್ಟುಕೊಂಡು ಎಚ್ಚರಿಕೆಯನ್ನು ಮರೆತರು. 1821ರಲ್ಲಿ ತನ್ನ ಅಫೀಮುಸೇವನೆಯ ಕಥೆಯನ್ನು ಪ್ರಕಟಿಸಿದ ಥಾಮಸ್ ಡಿ ಕ್ವಿನ್ಸಿಯು ರಾತ್ರಿಯ ಭಯಗಳನ್ನು ಹೃದಯವಿದ್ರಾವಕವಾಗಿ ವರ್ಣಿಸಿದನಾದರೂ, ಅದು ಸಾಹಿತ್ಯವೆಂದು ಎಣಿಸಲ್ಪಟ್ಟಿತೇ ಹೊರತು ರೋಗಲಕ್ಷಣದ ಸಾಕ್ಷ್ಯವೆಂದು ಅಲ್ಲ.

19ನೆಯ ಶತಮಾನದ ಆದಿಯಲ್ಲಿ ಜರ್ಮನಿಯ ಸೆರ್ಟ್ಯೂರ್ನರ್ ಅಫೀಮಿನಿಂದ ಮಾರ್ಫಿನನ್ನು ಬೇರ್ಪಡಿಸಿದನು; 1853ರ ಸುಮಾರಿಗೆ ಎಡಿನ್‌ಬರೋದ ಅಲೆಕ್ಸಾಂಡರ್ ವುಡ್ ಚರ್ಮದಡಿಗೆ ಚುಚ್ಚುಮದ್ದು ಕೊಡುವ ಕ್ರಮವನ್ನು ಬಳಕೆಗೆ ತಂದನು. ಇವೆರಡೂ ಕೂಡಿದ ಮೇಲೆ ನೋವುನಿವಾರಣೆ ಕ್ಷಣಮಾತ್ರದ ಕೆಲಸವಾಯಿತು. ಆ ಉತ್ಸಾಹದ ನಡುವೆ 1870ರಲ್ಲಿ ಕ್ಲಿಫರ್ಡ್ ಆಲ್‌ಬಟ್ ಬರೆದ ಪುಟ್ಟ ಲೇಖನವೊಂದು ಈ ಶಾಸ್ತ್ರದ ಚರಿತ್ರೆಯಲ್ಲಿ ಗೌರವದಿಂದ ಸ್ಮರಿಸತಕ್ಕದ್ದು. ನರಶೂಲೆಗಾಗಿ ತಿಂಗಳುಗಟ್ಟಲೆ ಮಾರ್ಫಿನಿನ ಚುಚ್ಚುಮದ್ದನ್ನು ಪಡೆಯುತ್ತಿದ್ದ ತನ್ನ ರೋಗಿಗಳು ಗುಣದತ್ತ ಒಂದು ಹೆಜ್ಜೆಯನ್ನೂ ಇಡದಿರುವುದನ್ನೂ, ಮದ್ದಿಲ್ಲದ ಹೊತ್ತಿನಲ್ಲಿ ಅವರು ತೀರ ಚಡಪಡಿಸುವುದನ್ನೂ ಕಂಡು, ಯಾವ ಕ್ಷೋಭೆಯನ್ನು ಅಡಗಿಸಲೆಂದು ಮದ್ದನ್ನು ಕೊಡುತ್ತಿದ್ದೇವೆಯೋ ಆ ಕ್ಷೋಭೆಯನ್ನು ಮದ್ದೇ ಬೆಳೆಸುತ್ತಿರಬಹುದೇ ಎಂದು ಅವನು ಸಂದೇಹಪಟ್ಟನು. ಪ್ರಯೋಗಶಾಲೆಯ ಬೆಂಬಲವಿಲ್ಲದೆ, ರೋಗಿಗಳ ಮಾತನ್ನು ತಾಳ್ಮೆಯಿಂದ ಕೇಳಿದುದರಿಂದಲೇ ಹುಟ್ಟಿದ ಸಂದೇಹವಿದು; ಮುಂದಿನ ನೂರು ವರ್ಷಗಳ ಸಂಶೋಧನೆ ಅದನ್ನು ಬಹುಮಟ್ಟಿಗೆ ಸಮರ್ಥಿಸಿತು. 1877ರಲ್ಲಿ ಬರ್ಲಿನ್ನಿನ ಎಡ್ವರ್ಡ್ ಲೆವಿನ್‌ಸ್ಟೈನ್ ಮಾರ್ಫಿನ್ ವ್ಯಸನವನ್ನು ಕುರಿತು ಬರೆದ ಗ್ರಂಥವೂ ಈ ಯಾತನೆಯನ್ನು ವಿವರಿಸಿತು. ಆದರೆ ಮದ್ದನ್ನು ಥಟ್ಟನೆ ನಿಲ್ಲಿಸುವುದೇ ಚಿಕಿತ್ಸೆಯೆಂದು ಅವನು ಹಿಡಿದ ಹಟ ಎಷ್ಟೋ ಜನರನ್ನು ಅನಾವಶ್ಯಕವಾಗಿ ನರಳಿಸಿತು.

ಅಮೆರಿಕದ ಕೆಂಟಕಿಯಲ್ಲಿರುವ ಲೆಕ್ಸಿಂಗ್ಟನ್ನಿನಲ್ಲಿ 1935ರಲ್ಲಿ ಸರಕಾರವು ತೆರೆದ ಸಂಸ್ಥೆಯಲ್ಲಿ ಹಿಮ್ಮೆಲ್ಸ್‌ಬಾಕ್ ಮೊದಲಾದವರು ಮದ್ದು ಬಿಟ್ಟಾಗಿನ ಲಕ್ಷಣಗಳನ್ನು ಅಳೆಯುವ ಮಾನದಂಡವನ್ನು ರಚಿಸಿದರು. ಆಕಳಿಕೆ, ಬೆವರು, ರೋಮಾಂಚ, ಕಣ್ಣಪಾಪೆಯ ಹಿಗ್ಗುವಿಕೆ, ಜ್ವರ, ರಕ್ತದೊತ್ತಡ ಇವುಗಳಿಗೆಲ್ಲ ಅಂಕಗಳು ದೊರೆತುವು. ರೋಗಿಯ ಒಳಗಿನ ಭೀತಿಗೆ ಅಂಕವಿರಲಿಲ್ಲ. 2003ರಲ್ಲಿ ಪ್ರಕಟವಾಗಿ ಈಗ ಎಲ್ಲೆಡೆಯೂ ಬಳಕೆಯಲ್ಲಿರುವ ಮಾನದಂಡದಲ್ಲಿ ಆತಂಕಕ್ಕೆ 11 ಅಂಶಗಳ ನಡುವೆ ಒಂದು ಸ್ಥಾನವಿದೆ.

ಮದ್ದು ಬಿಟ್ಟಾಗ ಬರುವ ಕಳವಳದ ಕಥೆ ಇದಾದರೆ, ಮದ್ದು ದೇಹದಲ್ಲಿರುವಾಗಲೇ ಬರುವ ಕಳವಳದ ಕಥೆ ಬೇರೆ. 1954ರಲ್ಲಿ ಲೂಯಿಸ್ ಲಸಾನ್ಯಾ ಮತ್ತು ಹೆನ್ರಿ ಬೀಚರ್ ಎಂಬ ಇಬ್ಬರು ವಿದ್ವಾಂಸರು, ಮಾರ್ಫಿನಿನ ವಿರೋಧಿಯಾದ ನ್ಯಾಲೋರ್ಫಿನ್ ಎಂಬ ದ್ರವ್ಯವನ್ನು ಅದರೊಡನೆ ಬೆರೆಸಿದರೆ ನೋವೂ ತಗ್ಗಿ ಕೇಡೂ ಕಡಮೆಯಾದೀತೆಂದು ಪರೀಕ್ಷೆ ನಡೆಸಿದರು. ನ್ಯಾಲೋರ್ಫಿನ್ ತಾನೊಂದೇ ನೋವನ್ನು ಚೆನ್ನಾಗಿ ಅಡಗಿಸಿತೆಂಬುದು ಅವರಿಗೆ ಆಶ್ಚರ್ಯದ ಸಂಗತಿಯಾಯಿತು. ಆದರೆ ಅದನ್ನು ಪಡೆದವರಲ್ಲಿ ಅನೇಕರಿಗೆ ಉಗ್ರವಾದ ಆತಂಕವೂ ವಿಕಾರ ದೃಶ್ಯಗಳೂ ತೋರಿದುದರಿಂದ ಅದು ಚಿಕಿತ್ಸೆಗೆ ಸಲ್ಲಲಿಲ್ಲ. ಇದರ ಕಾರಣ ತಿಳಿಯಲು ಇನ್ನಷ್ಟು ಕಾಲ ಬೇಕಾಯಿತು. 1973ರಲ್ಲಿ ಮಿದುಳಿನಲ್ಲಿ ಅಫೀಮಿನ ದ್ರವ್ಯಗಳನ್ನು ಹಿಡಿಯುವ ಗ್ರಾಹಕಗಳು ಗೋಚರವಾದುವು. 1976ರಲ್ಲಿ ಲೆಕ್ಸಿಂಗ್ಟನ್ನಿನ ವಿಲಿಯಂ ಮಾರ್ಟಿನ್ ಅವು ಒಂದೇ ಬಗೆಯವಲ್ಲವೆಂದು ತೋರಿಸಿ ಮ್ಯೂ, ಕಪ್ಪ ಎಂಬ ಹೆಸರುಗಳನ್ನಿತ್ತನು. ಮಾರ್ಫಿನ್ ಮುಖ್ಯವಾಗಿ ಮ್ಯೂ ಗ್ರಾಹಕವನ್ನು ಪ್ರಚೋದಿಸಿ ನೋವಿನೊಡನೆ ಭಯವನ್ನೂ ತಗ್ಗಿಸುತ್ತದೆ. ಕಪ್ಪ ಗ್ರಾಹಕದ ಪ್ರಚೋದನೆಯೂ ನೋವನ್ನು ತಗ್ಗಿಸುತ್ತದೆ, ಮನಸ್ಸಿನಲ್ಲಿ ಮಾತ್ರ ಕ್ಲೇಶವನ್ನು ತುಂಬುತ್ತದೆ. 1986ರಲ್ಲಿ ಜರ್ಮನಿಯ ಸಂಶೋಧಕರು ಕಪ್ಪ ಗ್ರಾಹಕವನ್ನು ಪ್ರಚೋದಿಸುವ ದ್ರವ್ಯವೊಂದನ್ನು ಆರೋಗ್ಯವಂತ ಸ್ವಯಂಸೇವಕರಿಗೆ ಕೊಟ್ಟು, ಪ್ರಮಾಣ ಏರಿದಂತೆ ಮನಃಕ್ಲೇಶವೂ ಭ್ರಾಂತಿಯೂ ಏರುವುದನ್ನೂ, ಗ್ರಾಹಕವನ್ನು ತಡೆಯುವ ನ್ಯಾಲೋಕ್ಸೋನ್ ಎಂಬ ಮದ್ದನ್ನು ಕೊಟ್ಟರೆ ಅವು ಅಡಗುವುದನ್ನೂ ಕಂಡರು. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಫೋರ್ಟ್‌ವಿನ್ ಎಂಬ ಹೆಸರಿನಲ್ಲಿ ಬಹಳ ಬಳಕೆಯಾದ ಪೆಂಟಜೋಸಿನ್ ಈ ಗ್ರಾಹಕದ ಮೇಲೂ ವರ್ತಿಸುವಂಥದು. ಅದನ್ನು ಪಡೆದ ರೋಗಿಯು ರಾತ್ರಿ ಹೆದರಿ ಕೂಗಿಕೊಂಡರೆ ಅದು ಅವನ ಮನೋದೌರ್ಬಲ್ಯವಾಗಿರಬೇಕಾದುದಿಲ್ಲ.

ಪೆಥಿಡಿನಿನ ದಾರಿ ಮೂರನೆಯದು. 1939ರಲ್ಲಿ ಜರ್ಮನಿಯಲ್ಲಿ ನಿರ್ಮಿತವಾದ ಈ ಮದ್ದು ಹೆರಿಗೆಯ ಕೋಣೆಗಳಲ್ಲಿ ಮನೆಮಾತಾಗಿತ್ತು. ದೇಹವು ಇದನ್ನು ನಾರ್‌ಪೆಥಿಡಿನ್ ಎಂಬ ದ್ರವ್ಯವಾಗಿ ಮಾರ್ಪಡಿಸುತ್ತದೆ. ಮೂಲದ್ರವ್ಯವು ಕೆಲವೇ ಗಂಟೆಗಳಲ್ಲಿ ಕರಗಿಹೋದರೂ ಇದು ಬಹಳ ಹೊತ್ತು ಉಳಿದು, ಮೂತ್ರಪಿಂಡಗಳು ಕೆಟ್ಟವರಲ್ಲಿ ಸಂಚಯವಾಗುತ್ತದೆ. 1983ರಲ್ಲಿ ನ್ಯೂಯಾರ್ಕಿನ ಕೈಕೊ, ಫೋಲಿ ಮೊದಲಾದವರು ಕ್ಯಾನ್ಸರ್ ರೋಗಿಗಳನ್ನು ಪರಿಶೀಲಿಸಿ, ಈ ಸಂಚಯದಿಂದ ಮೊದಲು ಕಳವಳ, ಬಳಿಕ ನಡುಕ, ಸ್ನಾಯುಗಳ ಜಿಗಿತ, ಕಡೆಗೆ ಅಪಸ್ಮಾರದಂಥ ಸೆಳವು ಹೀಗೆ ಮೆಟ್ಟಲುಮೆಟ್ಟಲಾಗಿ ವಿಕಾರವು ಏರುವುದೆಂದು ತೋರಿಸಿದರು. ಇಲ್ಲಿ ಕಳವಳವು ಮುನ್ಸೂಚನೆ. ಅದನ್ನು ಅಲಕ್ಷಿಸಿ ಮತ್ತಷ್ಟು ಮದ್ದು ಕೊಡುವುದು ಅಪಾಯ.

ಇವೆಲ್ಲಕ್ಕಿಂತ ಹೆಚ್ಚು ಜನರನ್ನು ಕಾಡುವುದು ಎರಡು ಗುಳಿಗೆಗಳ ನಡುವಣ ಭೀತಿ. ಇದರ ನೆಲೆ 1978ರಲ್ಲಿ ಸಿಕ್ಕಿತು. ಮಿದುಳಿನ ಕಾಂಡದಲ್ಲಿ ಲೋಕಸ್ ಸಿರೂಲಿಯಸ್ ಎಂಬ ಸಣ್ಣ ಕೋಶಸಮೂಹವಿದೆ. ಅದು ನಾರ್‌ಅಡ್ರಿನಲಿನನ್ನು ಸ್ರವಿಸಿ ಶರೀರವನ್ನು ಎಚ್ಚರದಲ್ಲಿಡುತ್ತದೆ. ಮಾರ್ಫಿನ್ ಇದನ್ನು ಅದುಮಿಡುತ್ತದೆ. ಅದುಮಿದ ಕೋಶಗಳು ದಿನೇದಿನೇ ಒಳಗಿನ ಬಲವನ್ನು ಹೆಚ್ಚಿಸಿಕೊಂಡು, ಮದ್ದಿನ ಭಾರ ತೊಲಗಿದೊಡನೆ ಒತ್ತಿಹಿಡಿದ ಸುರುಳಿಯಂತೆ ಪುಟಿದೇಳುತ್ತವೆ. ಯೇಲ್ ವಿಶ್ವವಿದ್ಯಾನಿಲಯದ ಅಘಜಾನಿಯನ್ ಕ್ಲೋನಿಡಿನ್ ಎಂಬ ರಕ್ತದೊತ್ತಡದ ಮದ್ದು ಈ ಪುಟಿತವನ್ನು ತಡೆಯುವುದೆಂದು ಇಲಿಗಳಲ್ಲಿ ಕಂಡನು. ಅದೇ ವರ್ಷ ಅಲ್ಲಿಯೇ ಗೋಲ್ಡ್, ರೆಡ್ಮಂಡ್, ಕ್ಲೆಬರ್ ಇವರು ಮನುಷ್ಯರಲ್ಲಿ ಅದರ ಉಪಯೋಗವನ್ನು ಸ್ಥಾಪಿಸಿದರು. ಅನಂತರ ಜಾರ್ಜ್ ಕೂಬ್ ಮೊದಲಾದವರು, ಮಿದುಳಿನಲ್ಲಿ ಭಯದ ನೆಲೆಯಾದ ಅಮಿಗ್ಡಲದ ಆಸುಪಾಸಿನಲ್ಲಿ ಒತ್ತಡದ ರಾಸಾಯನಿಕಗಳೂ ಈ ಕಾಲದಲ್ಲಿ ಉಕ್ಕುವುದನ್ನು ತೋರಿಸಿದರು.

ಈ ಜ್ಞಾನವೆಲ್ಲ ಕೈಯಲ್ಲಿದ್ದ ಕಾಲದಲ್ಲಿಯೇ ಅಮೆರಿಕದಲ್ಲಿ ದೊಡ್ಡ ಅನರ್ಥವೊಂದು ನಡೆಯಿತೆಂಬುದು ದುಃಖದ ಸಂಗತಿ. 1996ರಲ್ಲಿ ಮಾರುಕಟ್ಟೆಗೆ ಬಂದ, ಆಕ್ಸಿಕೋಡೋನಿನ ಗುಳಿಗೆಯಾದ ಆಕ್ಸಿಕಾಂಟಿನನ್ನು 12 ಗಂಟೆಗೊಮ್ಮೆ ಕೊಡಬೇಕೆಂದು ವಿಧಿಸಲಾಗಿತ್ತು. ಕೆಲವರಲ್ಲಿ ಅದರ ಬಲವು ಅಷ್ಟು ಹೊತ್ತು ನಿಲ್ಲದೆ, ಮುಂದಿನ ಗುಳಿಗೆಯ ವೇಳೆಗೆ ಮುಂಚೆಯೇ ನೋವೂ ಭೀತಿಯೂ ಮರಳುತ್ತಿದ್ದುವು. ಅಂಥ ಆತಂಕಕ್ಕೆ ಬೆಂಜೋಡಯಾಜಿಪೀನ್ ವರ್ಗದ ನಿದ್ರಾಜನಕಗಳನ್ನು ಕೂಡಿಸಿ ಕೊಡುವ ಪದ್ಧತಿ ಅನೇಕರ ಉಸಿರನ್ನೇ ನಿಲ್ಲಿಸಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2016ರಲ್ಲಿ ಈ ಜೋಡಣೆಯ ವಿರುದ್ಧ ಅತ್ಯುಗ್ರವಾದ ಎಚ್ಚರಿಕೆಯನ್ನು ಹೊರಡಿಸಿತು. ಆಮೇಲೆ ಲೋಲಕವು ಇನ್ನೊಂದು ಕೊನೆಗೆ ತೂಗಿ, ವರ್ಷಗಟ್ಟಲೆ ಮದ್ದಿನಲ್ಲಿದ್ದವರಿಗೆ ಥಟ್ಟನೆ ನಿಲ್ಲಿಸಿದುದರಿಂದ ಮನೋವ್ಯಥೆಯೂ ಆತ್ಮಹತ್ಯೆಗಳೂ ವರದಿಯಾಗಿ, 2019ರಲ್ಲಿ ಅದೇ ಸಂಸ್ಥೆಯು ಹಠಾತ್ತಾಗಿ ನಿಲ್ಲಿಸಬಾರದೆಂದು ಮತ್ತೆ ಎಚ್ಚರಿಸಬೇಕಾಯಿತು. ಜೋನ್ಸ್ ಬರೆದುದನ್ನು ಓದಿದ್ದವರಿಗೆ ಇದು ಹೊಸ ಸಂಗತಿಯಲ್ಲ.

ನಮ್ಮಲ್ಲಿ ಪರಿಸ್ಥಿತಿ ವಿಪರೀತ. 1985ರ ಮಾದಕವಸ್ತು ಕಾಯಿದೆಯ ಬಿಗಿಯಿಂದಾಗಿ ಮಾರ್ಫಿನ್ ಆಸ್ಪತ್ರೆಗಳಿಂದಲೇ ಬಹುಮಟ್ಟಿಗೆ ಕಾಣೆಯಾಗಿ, ಕ್ಯಾನ್ಸರಿನ ರೋಗಿಗಳು ಮದ್ದಿಲ್ಲದೆ ನರಳಿದರು; 2014ರ ತಿದ್ದುಪಡಿ ಆ ಬಿಗಿಯನ್ನು ಕೊಂಚ ಸಡಿಲಿಸಿತು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿಯೂ ಕರುಣಾಶ್ರಯದಲ್ಲಿಯೂ ನೋವಿಗೆ ಮಾರ್ಫಿನ್ ಕೊಟ್ಟು ಸಲಹುವವರ ಸೇವೆಯನ್ನು ಬಲ್ಲವರು, ಈ ಲೇಖನದಲ್ಲಿ ಹೇಳಿದ ದೋಷಗಳನ್ನು ಮಾರ್ಫಿನನ್ನು ನಿರಾಕರಿಸುವುದಕ್ಕೆ ನೆಪವಾಗಿ ಬಳಸಲಾರರು. ಸಡಿಲವಾಗಿ ದೊರೆಯುತ್ತಿದ್ದ, ಇದೇ ಕುಲದ ಟ್ರಮಡಾಲ್ ಎಂಬ ಮದ್ದಿನ ವಿಷಯ ಬೇರೆ. ಅದು ಮಿದುಳಿನ ಸಿರೊಟೋನಿನ್ ಮತ್ತು ನಾರ್‌ಅಡ್ರಿನಲಿನ್‌ಗಳ ಮೇಲೂ ವರ್ತಿಸುವುದರಿಂದ, 2003ರ ಅಮೆರಿಕದ ಅಧ್ಯಯನವೊಂದರಲ್ಲಿ ಮದ್ದು ಬಿಟ್ಟಾಗಿನ ಪ್ರಕರಣಗಳ ಪೈಕಿ ಸುಮಾರು ಎಂಟರಲ್ಲೊಂದರಲ್ಲಿ ವಿಪರೀತ ಆತಂಕ, ಭೀತಿಯ ಹೊಡೆತ, ಮತಿಭ್ರಮಣ ಮುಂತಾದ ಅಸಾಧಾರಣ ಲಕ್ಷಣಗಳು ಕಂಡುವು. ಭಾರತ ಸರಕಾರ ಅದನ್ನು ಕಾಯಿದೆಯ ಹತೋಟಿಗೆ ತಂದದ್ದು 2018ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ 11ನೆಯ ಆವೃತ್ತಿ 2022ರಲ್ಲಿ ಜಾರಿಗೆ ಬಂದು, ಈ ಔಷಧಗಳಿಂದುಂಟಾಗುವ ಆತಂಕವ್ಯಾಧಿಗೆ ಅದರಲ್ಲಿ ಪ್ರತ್ಯೇಕ ಸ್ಥಾನ ದೊರೆತಿದೆ.

ಮನೆಯಲ್ಲಿ ಯಾರಾದರೂ ಇಂಥ ಮದ್ದಿನಲ್ಲಿದ್ದು ಕಳವಳವನ್ನು ಹೇಳಿಕೊಂಡರೆ, ಗುಳಿಗೆ ನುಂಗಿದ ಹೊತ್ತನ್ನೂ ಭೀತಿ ಹುಟ್ಟಿದ ಹೊತ್ತನ್ನೂ ಒಂದು ಕಾಗದದ ಮೇಲೆ ಬರೆದಿಟ್ಟು ವೈದ್ಯರಿಗೆ ತೋರಿಸಿರಿ. ಗುಳಿಗೆಯ ಬೆನ್ನಿಗೇ ಬರುವ ಭೀತಿಗೂ ಮುಂದಿನ ಗುಳಿಗೆಯ ಹೊತ್ತಿಗೆ ಬರುವ ಭೀತಿಗೂ ಚಿಕಿತ್ಸೆ ಬೇರೆಯಾದುದರಿಂದ, ಅವರಿಗೆ ಅದು ಬಹಳ ಉಪಯೋಗಕ್ಕೆ ಬರುತ್ತದೆ. ಅಲ್ಲಿಯವರೆಗೆ ಮದ್ದನ್ನು ನೀವಾಗಿ ನಿಲ್ಲಿಸಬೇಡಿ. ನಿದ್ದೆಯ ಗುಳಿಗೆಯನ್ನೂ ನೀವಾಗಿ ಸೇರಿಸಬೇಡಿ.