ತಲಪರಿಗೆಯ ದಡದಲ್ಲಿ ಒಂದು ದಿನ



ದೀಪಾವಳಿ ಕಳೆದಂದಿನಿಂದ ನಿಮ್ಮಲ್ಲಿ ಹಲವರು ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಿದ್ದೀರಿ. "ಮೇಷ್ಟ್ರೇ, ಮನೆಮಂದಿಯೆಲ್ಲ ಸೇರಿ ಒಂದು ದಿನ ಹೊರಗೆ ಹೋಗಿ ಬರಬೇಕು. ಗದ್ದಲ ಇರಬಾರದು. ಮಕ್ಕಳು ಹೆದರಿಕೆಯಿಲ್ಲದೆ ನೀರಿನಲ್ಲಿ ಆಡಬೇಕು, ಮೊಣಕಾಲು ನೋವಿನ ಅಜ್ಜಿಯೂ ನೆರಳಿನಲ್ಲಿ ಕೂರಬೇಕು. ಎಲ್ಲಿಗೆ ಹೋಗೋಣ?" ಶಿಷ್ಯರು ಹೀಗೆ ಕೇಳಿದರೆ, ಅಣ್ಣತಮ್ಮಂದಿರ ಮಕ್ಕಳು "ದೊಡ್ಡಪ್ಪ, ನೀವೇ ಒಂದು ಜಾಗ ಹೇಳಿ" ಎಂದು ಭಾರವನ್ನು ನನ್ನ ಮೇಲೇ ಹಾಕಿದ್ದಾರೆ. ಒಬ್ಬೊಬ್ಬರಿಗೆ ಬಿಡಿಯಾಗಿ ಉತ್ತರಿಸುವ ಬದಲು ಇಲ್ಲಿಯೇ ಬರೆಯುತ್ತಿದ್ದೇನೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಇತಿಹಾಸ ಪಾಠ ಹೇಳಿದವನು ನಾನು. ಜಾಗದ ಹೆಸರನ್ನಷ್ಟೇ ಹೇಳಿ ಸುಮ್ಮನಾಗುವುದು ನನ್ನಿಂದಾಗದು. ಅದರ ಚರಿತ್ರೆಯನ್ನೂ ಕೇಳಬೇಕಾದ ಕಷ್ಟ ನಿಮ್ಮದು.

ನನ್ನ ಉತ್ತರ ಇಷ್ಟೆ. ನೀರನ್ನು ಹುಡುಕಿಕೊಂಡು ಮಲೆನಾಡಿಗೋ ಕೊಡಗಿಗೋ ಹೋಗಬೇಕಾಗಿಲ್ಲ. ತುಮಕೂರು ಜಿಲ್ಲೆಯ ನಮ್ಮ ಬಯಲುಸೀಮೆಯಲ್ಲಿಯೇ ಅಂಥ ನೀರಿದೆ. ಅದರ ಹೆಸರು ತಲಪರಿಗೆ.

ಪಟ್ಟಣದಲ್ಲಿ ಹುಟ್ಟಿ ಬೆಳೆದ ನಿಮ್ಮ ಮಕ್ಕಳಿಗೆ ಈ ಪದ ಹೊಸದಿರಬಹುದು. ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ತಾಲ್ಲೂಕುಗಳ ಹಳ್ಳಿಗರಿಗೆ ಇದು ಮನೆಮಾತು. ಮರಳು ಬೆರೆತ ತಗ್ಗು ನೆಲದಲ್ಲಿ, ಹಳ್ಳದ ಪಾತ್ರದಲ್ಲಿ, ಕೆರೆಯ ಏರಿಯ ಕೆಳಗೆ ಕೆಲವೇ ಅಡಿ ಅಗೆದರೆ ಒರತೆ ಕಾಣಿಸಿಕೊಳ್ಳುವ ಜಾಗಗಳುಂಟು. ಆ ಒರತೆಯ ಕಣ್ಣಿನಿಂದ ಸಣ್ಣದೊಂದು ಕಾಲುವೆ ತೆಗೆದು, ನೆಲದ ಇಳಿಜಾರನ್ನೇ ಅನುಸರಿಸಿ ನೀರನ್ನು ಕಟ್ಟೆಗೋ ಗದ್ದೆಗೋ ಹಾಯಿಸುವ ವ್ಯವಸ್ಥೆಯೇ ತಲಪರಿಗೆ. ಎತ್ತಿಲ್ಲ, ಏತವಿಲ್ಲ, ಯಂತ್ರವಿಲ್ಲ. ನೀರು ತಾನಾಗಿ ಹುಟ್ಟಿ ತಾನಾಗಿ ಹರಿಯುತ್ತದೆ. ಹಳಗನ್ನಡದ 'ಪರಿ' ಎಂಬ ಧಾತುವೇ ಇಂದಿನ 'ಹರಿ' ಎಂಬುದನ್ನು ನಿಮಗೆ ತರಗತಿಯಲ್ಲಿ ಹೇಳಿದ್ದೆ. ತಳದಿಂದ ಹರಿಯುವುದು ತಲಪರಿಗೆ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಭಾಷಾಪಂಡಿತರು ಬೇರೆ ವ್ಯುತ್ಪತ್ತಿ ಹೇಳಿದರೆ ನನ್ನ ತಕರಾರಿಲ್ಲ.

ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ನಾಡಿನಲ್ಲಿ ಬೇಸಿಗೆಯಲ್ಲೂ ಹರಿಯುವ ನೀರು ಎಲ್ಲಿಂದ ಬರುತ್ತದೆ ಎಂದು ನೀವು ಕೇಳಬೇಕು. ನಮ್ಮ ಸುತ್ತಲಿನ ಬೆಟ್ಟಗಳನ್ನು ನೆನಪಿಸಿಕೊಳ್ಳಿ. ಅವು ಬೋಳುಬಂಡೆಗಳಂತೆ ಕಂಡರೂ ಅವುಗಳ ಬಿರುಕುಗಳಲ್ಲಿ, ಬುಡದ ಶಿಥಿಲಗೊಂಡ ಕಲ್ಲಿನಲ್ಲಿ, ಅದರ ಮೇಲಿನ ಮರಳುಮಣ್ಣಿನಲ್ಲಿ ಮಳೆಯ ನೀರು ಇಂಗುತ್ತದೆ. ಕೆರೆ ತುಂಬಿದರೆ ಅದರ ತಳದಿಂದಲೂ ನೀರು ಜಿನುಗುತ್ತದೆ. ನೆಲದೊಳಗೆ ನಿಧಾನವಾಗಿ ನಡೆದ ಈ ನೀರಿಗೆ ಕೆಳಗೆ ಗಟ್ಟಿ ಬಂಡೆ ಅಡ್ಡವಾದರೆ ತಗ್ಗಿನಲ್ಲಿ ಮೇಲೆದ್ದು ಬರುತ್ತದೆ. ಭಾದ್ರಪದ, ಆಶ್ವಯುಜಗಳಲ್ಲಿ ಬಿದ್ದ ಮಳೆಯನ್ನು ಬೆಟ್ಟ ಮಾಘ, ಫಾಲ್ಗುಣಗಳಲ್ಲಿ ಹಿಂದಿರುಗಿಸುತ್ತದೆ ಎನ್ನಬಹುದು.

ಇದಕ್ಕೆ ಲಿಖಿತ ದಾಖಲೆಗಳೂ ಉಂಟು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ. ಅವನ ದಾರಿ ಮಧುಗಿರಿ, ಶಿರಾಗಳ ಮೂಲಕವೂ ಹಾದುಹೋಯಿತು. ರೈತರು ಬೆಳೆಯುವ ಬೆಳೆ, ಉಳುವ ರೀತಿ, ನೀರು ಹಾಯಿಸುವ ಬಗೆ ಎಲ್ಲವನ್ನೂ ಕೇಳಿ ಬರೆದುಕೊಂಡ ಅವನ ಪ್ರವಾಸಕಥನ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಮುಂದೆ ಬಿ.ಎಲ್. ರೈಸ್ ಅವರು ಮೈಸೂರು ಗೆಜೆಟಿಯರನ್ನು ಸಿದ್ಧಪಡಿಸಿದಾಗ ತುಮಕೂರು ಜಿಲ್ಲೆಯ ವಿಶೇಷವೆಂದು ಈ ತಲಪರಿಗೆಗಳನ್ನು ಹೆಸರು ಹಿಡಿದು ವಿವರಿಸಿದರು. ಶಾಸನಗಳ ಸಂಗ್ರಹದಲ್ಲಿ ಆಯುಷ್ಯ ಸವೆಸಿದ ಆ ವಿದ್ವಾಂಸರ ಕಣ್ಣಿಗೂ ನಮ್ಮ ಹಳ್ಳಿಯ ಒರತೆ ಬಿದ್ದಿತ್ತೆಂಬುದು ನನಗೆ ಈಗಲೂ ಹೆಮ್ಮೆಯ ಸಂಗತಿ.

ಆದರೆ ಗೆಜೆಟಿಯರಿನಲ್ಲಿ ಕಾಣದ ಒಂದು ಚರಿತ್ರೆಯಿದೆ. ಅದನ್ನು ಹೇಳಲೆಂದೇ ಇಷ್ಟು ಪೀಠಿಕೆ ಹಾಕಿದೆ.

ನಾನು ಬಾಲಕನಾಗಿದ್ದಾಗ ನಮ್ಮೂರಿನಲ್ಲಿ ಸುಗ್ಗಿಯ ಕೆಲಸ ಮುಗಿದ ಮೇಲೆ ಒಂದು ದಿನ ಗೊತ್ತುಮಾಡುತ್ತಿದ್ದರು. ಹಿಂದಿನ ಸಂಜೆ ನೀರಗಂಟಿ ಮನೆಮನೆಗೂ ಬಂದು ಹೇಳಿಹೋಗುತ್ತಿದ್ದ. ಬೆಳಗಾಗುತ್ತಲೇ ತಲಪರಿಗೆಯ ನೀರುಣ್ಣುವ ಜಮೀನಿದ್ದ ಪ್ರತಿ ಮನೆಯಿಂದಲೂ ಒಂದಾಳು ಗುದ್ದಲಿ, ಸನಿಕೆ, ಮಂಕರಿಗಳೊಡನೆ ಬರಬೇಕು. ಗಂಡಾಳಿಲ್ಲದ ಮನೆಯವರು ಸೌದೆಯನ್ನೋ ಬೆಲ್ಲವನ್ನೋ ಕೊಟ್ಟರೆ ಸಾಕು. ವರ್ಷವಿಡೀ ಕೂತ ಹೂಳನ್ನು ಎತ್ತಿ, ಕಾಲುವೆಯ ಜೊಂಡನ್ನು ಕಿತ್ತು, ಜರಿದ ಕಲ್ಲನ್ನು ಮತ್ತೆ ಜೋಡಿಸಿ, ಕಡೆಗೆ ಒರತೆಯ ಕಣ್ಣನ್ನು ಕೈಯಿಂದಲೇ ಮೆತ್ತಗೆ ಬಿಡಿಸುತ್ತಿದ್ದರು. ಅಲ್ಲಿ ಗುದ್ದಲಿ ತಾಕಿಸಕೂಡದೆಂಬುದು ಹಿರಿಯರ ಕಟ್ಟಪ್ಪಣೆ. ಕದಡಿದ ನೀರು ಕ್ರಮೇಣ ತಿಳಿಯಾಗಿ, ತಳದ ಮರಳು ಕುಣಿಯುವುದು ಕಾಣಿಸತೊಡಗಿದಾಗ ಕೆಲಸ ಮುಗಿದಂತೆ.

ಅಷ್ಟು ಹೊತ್ತಿಗೆ ಹೊಂಗೆಯ ನೆರಳಿನಲ್ಲಿ ಮೂರು ಕಲ್ಲಿನ ಒಲೆಯ ಮೇಲೆ ಅಡುಗೆ ಬೇಯುತ್ತಿರುತ್ತಿತ್ತು. ಒರತೆಯ ಪಕ್ಕದಲ್ಲಿ ಐದು ಕಲ್ಲು ನಿಲ್ಲಿಸಿ, ಅರಿಸಿನ ಕುಂಕುಮವಿಟ್ಟು ಗಂಗಮ್ಮನ ಪೂಜೆ. ಆಮೇಲೆ ಮುತ್ತುಗದ ಎಲೆಯಲ್ಲಿ ಎಲ್ಲರಿಗೂ ಊಟ: ಮುದ್ದೆ, ಅವರೆಕಾಳಿನ ಸಾರು, ಅನ್ನ, ಬೆಲ್ಲದ ಪಾಯಸ. ಊಟವಾದ ಮೇಲೆ ಹಿರಿಯರು ಟವೆಲು ಹಾಸಿ ಅಡ್ಡಾಗುತ್ತಿದ್ದರು, ಹೆಂಗಸರು ಕಾಲನ್ನು ಕಾಲುವೆಗೆ ಇಳಿಬಿಟ್ಟು ತವರಿನ ಮಾತು ತೆಗೆಯುತ್ತಿದ್ದರು. ನಾವು ಹುಡುಗರು ಮೊಣಕಾಲಿನವರೆಗೂ ಬಾರದ ಆ ನೀರಿಗೆ ಮಣ್ಣಿನ ಅಣೆಕಟ್ಟು ಕಟ್ಟಿ, ಒಡೆದು, ಮತ್ತೆ ಕಟ್ಟುತ್ತಿದ್ದೆವು. 'ಪಿಕ್ನಿಕ್' ಎಂಬ ಮಾತು ಊರಿಗೆ ಬಂದದ್ದು ಬಹಳ ತಡವಾಗಿ. ಆದರೆ ನೀವು ಈಗ ಹುಡುಕುತ್ತಿರುವ ನೆಮ್ಮದಿಯ ದಿನ ಅದೇ ಅಲ್ಲವೇ?

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ನಮ್ಮ ಹಿರಿಯರಿಗೆ ವಿಹಾರ ಬೇರೆ, ನೀರಿನ ಆರೈಕೆ ಬೇರೆ ಆಗಿರಲಿಲ್ಲ. ಊಟವಿಲ್ಲದಿದ್ದರೆ ಹೂಳೆತ್ತಲು ಜನ ಬರುತ್ತಿರಲಿಲ್ಲ. ಹೂಳೆತ್ತದಿದ್ದರೆ ಮರುವರ್ಷ ಊಟಕ್ಕೆ ಕೂರಲು ತಂಪಾದ ದಡವೇ ಇರುತ್ತಿರಲಿಲ್ಲ. ಎರಡನ್ನೂ ಒಂದೇ ದಿನಕ್ಕೆ ಕಟ್ಟಿದ್ದರಲ್ಲಿ ಅವರ ಜಾಣತನವಿತ್ತು.

ಆ ಕಟ್ಟು ಬಿಚ್ಚಿದ್ದು ನಮ್ಮ ಕಣ್ಣೆದುರಿನಲ್ಲಿಯೇ. ಹಳ್ಳಿಗಳಿಗೆ ವಿದ್ಯುತ್ತು ಬಂದು ಪಂಪುಸೆಟ್ಟುಗಳು ಹೆಚ್ಚಿದವು, ಅವುಗಳ ಹಿಂದೆಯೇ ಕೊಳವೆಬಾವಿಗಳು ಬಂದವು. ತಲಪರಿಗೆ ನೆಲ ಕೊಟ್ಟಷ್ಟನ್ನು ಮಾತ್ರ ತೆಗೆದುಕೊಳ್ಳುತ್ತಿತ್ತು, ಕೊಳವೆಬಾವಿ ನಮಗೆ ಬೇಕಾದಷ್ಟನ್ನು ತೆಗೆಯಿತು. ಮೇಲಿನ ಜಮೀನಿನಲ್ಲಿ ಆಳಕ್ಕೆ ಕೊರೆದವನಿಗೆ ಕೆಳಗಿನ ಒರತೆ ಬತ್ತಿದ್ದು ಕಾಣಲಿಲ್ಲ. ಹಳ್ಳಗಳ ಮರಳು ಲಾರಿ ಹತ್ತಿತು. ಬೀಳುಭೂಮಿಗೆ ನೀಲಗಿರಿ ಬಂದಿತು; ಅದನ್ನು ಹೊಸದಾಗಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸುವ ವೇಳೆಗೆ ದಶಕಗಳೇ ಕಳೆದಿದ್ದವು. ಅಂತರ್ಜಲದ ಸರ್ಕಾರಿ ಸಮೀಕ್ಷೆಗಳಲ್ಲಿ ಕೊರಟಗೆರೆ, ಮಧುಗಿರಿ ತಾಲ್ಲೂಕುಗಳು 'ಅತಿಬಳಕೆ'ಯ ಪಟ್ಟಿ ಸೇರಿದವು. ಮನೆಗೊಂದು ಮೋಟಾರು ಬಂದ ಮೇಲೆ ಊರಿಗೊಂದು ಕಾಲುವೆ ಯಾರಿಗೂ ಬೇಡವಾಯಿತು. ನೀರಗಂಟಿಯ ಮಗ ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸಕ್ಕೆ ಹೋದ. ತಲಪರಿಗೆಯ ದಿನ ನಿಂತುಹೋಯಿತು.

2021 ಮತ್ತು 2022ರ ಭಾರೀ ಮಳೆಗಳು ನಮ್ಮೂರಿಗೆ ಅನಿರೀಕ್ಷಿತವಾಗಿ ಒಂದು ಅವಕಾಶ ಕೊಟ್ಟವು. ಎಷ್ಟೋ ವರ್ಷಗಳಿಂದ ಒಣಮರಳಿನ ಹಾದಿಯಾಗಿದ್ದ ಜಯಮಂಗಲಿ ದಡ ತುಂಬಿ ಹರಿಯಿತು, ಕೆರೆ ಕೋಡಿ ಬಿದ್ದಿತು. ಸತ್ತಿತೆಂದು ನಾವು ಕೈಬಿಟ್ಟಿದ್ದ ತಲಪರಿಗೆಯ ಕಣ್ಣಿನಲ್ಲಿ ಮತ್ತೆ ಮರಳು ಕುಣಿಯಿತು. ಈಗಲೂ ಸಣ್ಣಗೆ ಹರಿಯುತ್ತಿದೆ. ಆದರೆ ಕಾಲುವೆಯ ಅರ್ಧ ಭಾಗ ಹೂಳು ತುಂಬಿ, ನೀರು ಅಲ್ಲಲ್ಲೇ ನಿಂತು ಕೆಸರಾಗಿದೆ. ಊರಿನಲ್ಲಿ ಉಳಿದವರು ಹೆಚ್ಚಾಗಿ ನನ್ನ ವಯಸ್ಸಿನವರು. ಸನಿಕೆ ಹಿಡಿಯುವ ತೋಳುಗಳೆಲ್ಲ ಬೆಂಗಳೂರು, ತುಮಕೂರುಗಳಲ್ಲಿ ಕೀಲಿಮಣೆಯ ಮುಂದಿವೆ. ಇನ್ನೊಂದೆರಡು ವರ್ಷ ಹೀಗೆಯೇ ಬಿಟ್ಟರೆ ಕಣ್ಣು ಮತ್ತೆ ಮುಚ್ಚುತ್ತದೆ.

ಆದ್ದರಿಂದ ನಿಮ್ಮ ಪ್ರಶ್ನೆಗೆ ನನ್ನ ಯೋಜನೆ ಹೀಗಿದೆ. ದಿನ: ಸಂಕ್ರಾಂತಿ ಕಳೆದ ಮೊದಲ ಭಾನುವಾರ. ಆಗ ಬಿಸಿಲು ಹಿತವಾಗಿರುತ್ತದೆ, ಒರತೆಯಲ್ಲಿ ನೀರೂ ಇರುತ್ತದೆ.

ಬೆಂಗಳೂರಿನಿಂದ ಬರುವವರು ಬೇಗ ಹೊರಟು, ಬೆಳಗಿನ ತಿಂಡಿಯ ಹೊತ್ತಿಗೆ ತುಮಕೂರಿನ ಸಮೀಪದ ನಾಮದ ಚಿಲುಮೆಗೆ ಬನ್ನಿ. ವನವಾಸದ ಕಾಲದಲ್ಲಿ ಶ್ರೀರಾಮನಿಗೆ ಹಣೆಗೆ ನಾಮವಿಡಲು ನೀರು ಸಿಗದೆ, ಬಾಣ ಬಿಟ್ಟು ಬಂಡೆಯಿಂದ ಚಿಲುಮೆ ಎಬ್ಬಿಸಿದನೆಂಬ ಐತಿಹ್ಯವನ್ನು ಮಕ್ಕಳಿಗೆ ಹೇಳಿ. ಬಂಡೆಯ ಆ ಕಿರುರಂಧ್ರವನ್ನೂ ಪಕ್ಕದ ಜಿಂಕೆವನವನ್ನೂ ತೋರಿಸಿ. ಅದು ಅರಣ್ಯ ಇಲಾಖೆಯ ನೆಲ. ಅಲ್ಲಿ ಒಲೆ ಹೊತ್ತಿಸುವಂತಿಲ್ಲ. ತಿಂಡಿ ಕಟ್ಟಿಕೊಂಡು ಬನ್ನಿ, ಕೋತಿಗಳಿಂದ ಬುತ್ತಿಯನ್ನು ಕಾಪಾಡಿಕೊಳ್ಳಿ.

ಅಲ್ಲಿಂದ ದೇವರಾಯನದುರ್ಗದ ದಾರಿ ಹಿಡಿಯಿರಿ. ಹಿಂದೆ ಜಡಕನೆಂಬ ಪಾಳೆಯಗಾರನ ಹೆಸರಿನಿಂದ ಜಡಕನದುರ್ಗವೆನಿಸಿದ್ದ ಈ ಬೆಟ್ಟ, ಮೈಸೂರಿನ ಚಿಕ್ಕದೇವರಾಜ ಒಡೆಯರು ಗೆದ್ದ ಮೇಲೆ ಅವರ ಹೆಸರು ಪಡೆಯಿತು. ಮಕ್ಕಳಿಗೆ ಭೂಗೋಳದ ಒಂದು ಸೋಜಿಗವನ್ನೂ ತಿಳಿಸಿ. ಇದೇ ಬೆಟ್ಟಸಾಲಿನಲ್ಲಿ ಹುಟ್ಟಿದ ಶಿಂಷಾ ದಕ್ಷಿಣಕ್ಕೆ ಹರಿದು ಕಾವೇರಿಯನ್ನು ಸೇರುತ್ತದೆ. ಜಯಮಂಗಲಿ ಉತ್ತರಕ್ಕೆ ಹರಿದು ಹಿಂದೂಪುರದ ಸೀಮೆಯಲ್ಲಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಅಕ್ಕಪಕ್ಕದಲ್ಲಿ ಬಿದ್ದ ಎರಡು ಹನಿಗಳು ಬೆಟ್ಟದ ನೆತ್ತಿಯಲ್ಲಿ ಅಗಲಿ, ನೂರಾರು ಮೈಲಿ ಬೇರೆ ಬೇರೆ ನಡೆದು, ಬಂಗಾಳಕೊಲ್ಲಿಯಲ್ಲಿ ಮತ್ತೆ ಒಂದಾಗುತ್ತವೆ.

ಹನ್ನೊಂದರೊಳಗೆ ಕೊರಟಗೆರೆಯ ಮೇಲೆ ನಮ್ಮೂರು ತಲುಪಿ. ಗುದ್ದಲಿ, ಸನಿಕೆ, ಮಂಕರಿಗಳನ್ನು ನಾನು ಹೊಂದಿಸಿರುತ್ತೇನೆ. ಗಟ್ಟಿಮುಟ್ಟಾದವರಿಗೆ ಎರಡು ಗಂಟೆಯ ಕೆಲಸ. ಇಪ್ಪತ್ತು ಜನರಾದರೆ ಕಾಲುವೆ ಬಿಡಿಸುವುದು ಕಷ್ಟವಲ್ಲ. ಹಿರಿಯರಿಗೆ ಹೊಂಗೆಯಡಿಯಲ್ಲಿ ಕುರ್ಚಿ ಹಾಕಿಸುತ್ತೇನೆ. ಅಡುಗೆ ನಮ್ಮ ಮನೆಯವರ ಮೇಲ್ವಿಚಾರಣೆಯಲ್ಲಿ ಅಲ್ಲಿಯೇ ಆಗುತ್ತದೆ. ಆಗಾಗ ಬಾಯಾರಿಕೆಗೆ ಪಾನಕ, ಮಜ್ಜಿಗೆ. ಶೌಚಕ್ಕೆ ನಮ್ಮ ಮನೆ ಐದು ನಿಮಿಷದ ನಡಿಗೆ.

ಕೆಲವು ಕಟ್ಟಳೆಗಳು, ಮೇಷ್ಟ್ರ ಮಾತೆಂದು ಕೇಳಿ. ಮಕ್ಕಳು ಕಾಲುವೆಯಲ್ಲಿ ಎಷ್ಟಾದರೂ ಆಡಲಿ. ಹತ್ತಿರದ ಹಳೆಯ ಕಪಿಲೆ ಬಾವಿಗೆ ತಡೆಗೋಡೆಯಿಲ್ಲ, ಅತ್ತ ಹೋಗದಂತೆ ದೊಡ್ಡವರೊಬ್ಬರು ಸರದಿಯ ಮೇಲೆ ಕಾವಲಿರಬೇಕು. ಕೆರೆಗೆ ಇಳಿಯಕೂಡದು. ಸೋಪು, ಶಾಂಪೂ ಒರತೆಗೆ ಬೇಡ. ಹಾಡು ಬೇಕಾದರೆ ಬಾಯಲ್ಲಿ ಹಾಡಿ, ಪೆಟ್ಟಿಗೆಯಿಂದ ಬೇಡ. ಊಟಕ್ಕೆ ಎಲೆ ಉಂಟು, ಪ್ಲಾಸ್ಟಿಕ್ ತಟ್ಟೆ ಲೋಟಗಳನ್ನು ತರಬೇಡಿ. ಬಂಡೆಗಳಲ್ಲಿ ಹೆಜ್ಜೇನಿನ ಗೂಡಿರುವುದರಿಂದ ಹೊಗೆ ಅತ್ತ ಹೋಗದಂತೆ ಒಲೆಯ ಜಾಗವನ್ನು ನಾನೇ ತೋರಿಸುತ್ತೇನೆ.

"ವಿಹಾರಕ್ಕೆ ಕರೆದು ಕೂಲಿ ಮಾಡಿಸುತ್ತೀರಾ ದೊಡ್ಡಪ್ಪ?" ಎಂದು ಯಾರಾದರೂ ನಗಬಹುದು. ನಗಲಿ. ಹೂಳೆತ್ತಿ ದಣಿದ ಮೈಗೆ ಆ ನೀರು ತಾಕಿದಾಗ ಸಿಗುವ ತಂಪನ್ನು ಯಾವ ರೆಸಾರ್ಟಿನ ಈಜುಕೊಳವೂ ಕೊಡಲಾರದು. ಇನ್ನೊಂದು ಮಾತು. ಒರತೆಯ ಕಣ್ಣನ್ನು ಯಾವ ಕಡೆಯಿಂದ ಬಿಡಿಸಬೇಕು, ಯಾವ ಕಲ್ಲನ್ನು ಕದಲಿಸಬಾರದು ಎಂಬುದನ್ನು ಬಲ್ಲವರು ಊರಿನಲ್ಲಿ ಈಗ ಹಳೆಯ ನೀರಗಂಟಿಯೊಬ್ಬರೇ. ಅವರಿಗೆ ಎಂಬತ್ತು ದಾಟಿದೆ. ಆ ದಿನ ಅವರನ್ನು ಕರೆತಂದು ದಡದ ಮೇಲೆ ಕೂರಿಸುತ್ತೇವೆ. ಅವರು ಕೈ ತೋರಿಸಲಿ, ನಿಮ್ಮ ಮಕ್ಕಳು ಕೈ ಹಾಕಲಿ. ಪುಸ್ತಕದಲ್ಲಿಲ್ಲದ ಈ ಪಾಠ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೇ ಹೋಗಬೇಕು.

ಎಷ್ಟು ಜನ ಬರುತ್ತೀರಿ ಎಂಬುದನ್ನು ಸಂಕ್ರಾಂತಿಗೆ ಒಂದು ವಾರ ಮುಂಚೆ ತಿಳಿಸಿ, ಅಕ್ಕಿ ರಾಗಿಯ ಲೆಕ್ಕ ಹಾಕಬೇಕು. ಬದಲಿ ಬಟ್ಟೆ ಒಂದು ಜೊತೆ ತನ್ನಿ.