ಉದುರಿದ ಕಾಫಿ ಯಾರದ್ದು?

ಕೊಡಗಿನ ಚರಿತ್ರೆ ಅಂದ ಕೂಡಲೇ ಹಾಲೇರಿ ಅರಸರು, ಚಿಕ್ಕವೀರರಾಜ, 1834, ಆಮೇಲೆ ನೇರವಾಗಿ ಕಾರ್ಯಪ್ಪ, ತಿಮ್ಮಯ್ಯ... ಅಲ್ಲಿಗೆ ಮುಗಿಯಿತು. ಕಾಫಿಯ ಚರಿತ್ರೆ ಅಂದರೆ 1854ರಲ್ಲಿ ಫೌಲರ್ ಅನ್ನೋ ದೊರೆ ಮಡಿಕೇರಿ ಹತ್ತಿರ ತೋಟ ಮಾಡಿದ್ದು. ಇದೆಲ್ಲ ನಿಮಗೆ ಗೊತ್ತಿರುವುದೇ. ಆದರೆ ಹದಿನಾಲ್ಕು ಹದಿನೈದು ವಯಸ್ಸಿನ ಹುಡುಗರು ಇಲ್ಲಿ ಕೈಖರ್ಚಿಗೆ ನಾಲ್ಕು ಕಾಸು ಎಲ್ಲಿಂದ ತರುತ್ತಿದ್ದರು? ಅದು ಗೆಜೆಟಿಯರಿಗೆ ಹೋಗುವ ವಿಷಯವೇ ಅಲ್ಲ. ಅದಕ್ಕೇ ಬರೆಯೋಣ ಅಂದುಕೊಂಡೆ.

ಅಪ್ಪ ಅಮ್ಮ ಕೊಡುತ್ತಿದ್ದುದು ಬಸ್ಸಿನ ಚಿಲ್ಲರೆ ಮಾತ್ರ. ಪಾಕೆಟ್ ಮನಿ ಅನ್ನೋ ಪದವೇ ನಮ್ಮ ಕಡೆ ಇರಲಿಲ್ಲ. ಸಿನೆಮಾ, ಸೈಕಲ್ ಬಾಡಿಗೆ, ಒಡೆದುಹೋದ ಹಾಕಿ ಸ್ಟಿಕ್ಕಿಗೆ ಬದಲು ಇನ್ನೊಂದು, ಇವಕ್ಕೆಲ್ಲ ದಾರಿ ಒಂದೇ. ಉದುರಿದ ಕಾಫಿ ಹೆಕ್ಕೋದು.

ಕಾಫಿ ನಾಡಿನವರಲ್ಲದವರಿಗೆ ಸ್ವಲ್ಪ ವಿವರಿಸಬೇಕು. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿ, ರೋಬಸ್ಟಾ ಅದಾದ ಮೇಲೆ ಫೆಬ್ರವರಿ ಮಾರ್ಚಿನವರೆಗೆ. ಎಷ್ಟೇ ಜಾಗ್ರತೆಯಿಂದ ಕೊಯ್ದರೂ ಒಂದಷ್ಟು ಹಣ್ಣು ಕೆಳಗೆ ಬೀಳುತ್ತದೆ. ತಡವಾದರೆ ತಾನಾಗಿಯೇ ಉದುರುತ್ತದೆ. ತರಗೆಲೆಯ ಅಡಿಯಲ್ಲಿ ಅದು ಒಣಗಿ ಕಪ್ಪಾಗಿ ಕೂತಿರುತ್ತದೆ. ಹೂಮಳೆ ಬೀಳುವುದಕ್ಕೆ ಮುಂಚೆ ಹೆಕ್ಕಬೇಕು, ಬಿದ್ದ ಮೇಲೆ ಮೊಳಕೆ ಬಂದು ಹಾಳು. ಬಾವಲಿ ಚೀಪಿ ಉಗುಳಿದ ಬೀಜ ಮರದ ಬುಡದಲ್ಲಿ ಗುಡ್ಡೆಯಾಗಿ ಸಿಗುತ್ತಿತ್ತು, ಅದು ಸಿಕ್ಕರೆ ಲಾಟರಿ. ಕಬ್ಬೆಕ್ಕು ತಿಂದು ಹಾಕಿದ್ದೂ ಇರುತ್ತಿತ್ತು. ಅದನ್ನು ಕೋಲಿನಲ್ಲಿ ಆಚೆ ತಳ್ಳುತ್ತಿದ್ದೆವು. ಈಗ ಅದನ್ನೇ ತೊಳೆದು ಒಣಗಿಸಿ ದೊಡ್ಡವರ ಕಾಫಿ ಅಂತ ಸಾವಿರಾರು ರೂಪಾಯಿಗೆ ಮಾರುತ್ತಾರಂತೆ :-)

ಕೆಲಸ ಸುಲಭದ್ದೇನಲ್ಲ. ದಿನವಿಡೀ ಕುಕ್ಕರಗಾಲಲ್ಲಿ ಕೂತು, ಮುಳ್ಳು, ಇರುವೆ, ಕೆಲವೊಮ್ಮೆ ಹಾವು ಎಲ್ಲ ನೋಡಿಕೊಂಡು ಹೆಕ್ಕಿದರೆ ಸಂಜೆಗೆ ಅರ್ಧ ಚೀಲ. ಆದರೆ ಅದು ನಮ್ಮದು! ಕೊಯ್ಲು ಮುಗಿದ ಮೇಲೆ ನೆಲದಲ್ಲಿ ಉಳಿದದ್ದು ಮಕ್ಕಳದ್ದು ಅಂತ ನಮ್ಮೂರ ಕಡೆ ಒಂದು ಮಾತಿತ್ತು. ಯಾರೂ ಬರೆದಿಟ್ಟ ಮಾತಲ್ಲ. ಸ್ವಂತ ತೋಟದಲ್ಲಾದರೆ ಅಪ್ಪ ಕಂಡೂ ಕಾಣದ ಹಾಗೆ ಇರುತ್ತಿದ್ದರು. ಪಕ್ಕದವರ ತೋಟವಾದರೆ ಕೇಳಿಕೊಂಡು ಹೋಗಬೇಕಿತ್ತು. ಹುಡುಗಿಯರೂ ಹೆಕ್ಕುತ್ತಿದ್ದರು, ಆದರೆ ಅಂಗಡಿಗೆ ಹೋಗಿ ಮಾರುವುದು ಅಣ್ಣಂದಿರು. ಅವರ ಕೈಗೆ ಎಷ್ಟು ಬರುತ್ತಿತ್ತು ಅನ್ನೋದು ಅಣ್ಣನ ಧರ್ಮಬುದ್ಧಿಗೆ ಬಿಟ್ಟದ್ದು.

ಮಾರುವುದು ರಸ್ತೆ ಬದಿಯ ದಿನಸಿ ಅಂಗಡಿಯಲ್ಲಿ. "ಕಾಕ, ಸ್ವಲ್ಪ ಕಾಫಿ ಉಂಟು." "ಹಿಂದೆ ಬಾ ಮಗ, ಎದುರಿಗೆ ಬೇಡ." ತಕ್ಕಡಿ ಹಿಂದಿನ ಕೋಣೆಯಲ್ಲಿರುತ್ತಿತ್ತು. ಯಾಕೆ ಹಿಂದೆ ಅಂತ ಆಗ ಯೋಚಿಸಲೇ ಇಲ್ಲ. ದೊಡ್ಡವನಾಗಿ ಕಾಫಿ ಕಾಯ್ದೆಯ ಬಗ್ಗೆ ಓದಿದಾಗ ಗೊತ್ತಾಯಿತು.

ಎರಡನೇ ಮಹಾಯುದ್ಧ ಶುರುವಾಗಿ ಯುರೋಪಿನ ಮಾರುಕಟ್ಟೆ ಮುಚ್ಚಿಹೋದಾಗ ಕಾಫಿ ಕೇಳುವವರೇ ಇರಲಿಲ್ಲ. ಬೆಳೆಗಾರರನ್ನು ಉಳಿಸಲಿಕ್ಕೆ 1940ರಲ್ಲಿ ಸುಗ್ರೀವಾಜ್ಞೆ, 1942ರಲ್ಲಿ ಕಾಫಿ ಕಾಯ್ದೆ ಬಂತು. ನೋಂದಾಯಿತ ತೋಟದವರು ಮನೆಬಳಕೆಗೆ, ಬೀಜಕ್ಕೆ ಸ್ವಲ್ಪ ಇಟ್ಟುಕೊಂಡು ಉಳಿದ ಕಾಫಿಯನ್ನೆಲ್ಲ ಮಂಡಳಿಯ ಪೂಲಿಗೆ ಕೊಡಬೇಕು. ಮಂಡಳಿ ಅದನ್ನು ಹರಾಜು ಹಾಕಿ, ಪಾಯಿಂಟ್ ಲೆಕ್ಕದಲ್ಲಿ ಕಂತು ಕಂತಾಗಿ ಹಣ ಕೊಡುತ್ತಿತ್ತು. ಕೊನೆಯ ಕಂತು ಕೈಗೆ ಬರುವಾಗ ಮುಂದಿನ ಬೆಳೆಯೇ ಬಂದಿರುತ್ತಿತ್ತು. ಪೂಲ್ ತಪ್ಪಿಸಿ ಮಾರಿದರೆ ಅಪರಾಧ. ಯುದ್ಧ 1945ಕ್ಕೆ ಮುಗಿಯಿತು, ಈ ಪೂಲ್ ಮಾತ್ರ ತೊಂಬತ್ತರ ದಶಕದ ತನಕ ಎಳೆಯಿತು!

ಅಂದರೆ ನಮ್ಮ ಚೀಲದಲ್ಲಿದ್ದ ಮೂರು ಕಿಲೋ ಕಾಫಿ ಕಾನೂನಿನ ಲೆಕ್ಕದಲ್ಲಿ ಪೂಲಿಗೆ ಸೇರಬೇಕಾದದ್ದು. ಕಾಕ ಕೊಟ್ಟ ದರ ಕಡಿಮೆ ಅಂತ ನಾವು ಬೈದುಕೊಳ್ಳುತ್ತಿದ್ದೆವು, ಆದರೆ ಆತ ಕೊಡುತ್ತಿದ್ದುದು ಕೈಯಲ್ಲಿ ಕಾಸು, ಅವತ್ತೇ. ಇಡೀ ಕೊಡಗಿನಲ್ಲಿ ಕಾಫಿಗೆ ಅದೇ ದಿನ ಪೂರ್ತಿ ಹಣ ನೋಡುತ್ತಿದ್ದವರು ಬಹುಶಃ ನಾವೇ. ನೂರು ಎಕರೆ ಸಾಹುಕಾರನಿಗೂ ಆ ಭಾಗ್ಯ ಇರಲಿಲ್ಲ.

ಇನ್ನೊಂದು ದಾರಿ ಜೇನು. ಅದು ಕಾನೂನುಬದ್ಧವಾದದ್ದು. ವಿರಾಜಪೇಟೆಯಲ್ಲಿ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘ 1936ರಲ್ಲೇ ಶುರುವಾಗಿತ್ತು. ತಿರುಚಿನಾಪಳ್ಳಿಯ ನ್ಯೂಟನ್ ಎಂಬ ಪಾದ್ರಿ ತುಡುವೆ ಜೇನಿಗೆ ಹೊಂದುವ ಹಾಗೆ ಮಾಡಿದ ಸಣ್ಣ ಪೆಟ್ಟಿಗೆ ಮನೆ ಮನೆಯ ಹಿತ್ತಲಲ್ಲಿ ಇರುತ್ತಿತ್ತು. ಕಾಫಿ ಹೂವಾದ ಮೇಲೆ ತುಪ್ಪ ತುಂಬುತ್ತದೆ, ಅಷ್ಟರಲ್ಲಿ ಶಾಲೆಗೂ ಬೇಸಿಗೆ ರಜೆ. ಪೆಟ್ಟಿಗೆ ನೋಡಿಕೊಳ್ಳುವುದು, ಇರುವೆ ಹತ್ತದ ಹಾಗೆ ಕಾಲಿಗೆ ನೀರಿನ ಬಟ್ಟಲು ಇಡುವುದು, ಕಚ್ಚಿಸಿಕೊಳ್ಳುವುದು ಎಲ್ಲ ಹುಡುಗರ ಪಾಲು. ಆದರೆ ಸಹಕಾರ ಸಂಘದ ಸದಸ್ಯನಾಗಲು ಹದಿನೆಂಟು ತುಂಬಬೇಕಲ್ಲ? ಹಾಗಾಗಿ ತುಪ್ಪ ಅಪ್ಪನ ಹೆಸರಲ್ಲಿ, ಹಣ ಅಪ್ಪನ ಕೈಗೆ. ಸೊಸೈಟಿಯ ಪುಸ್ತಕದಲ್ಲಿ ಹುಡುಗನ ಹೆಸರಿಲ್ಲ. ಕಾಕನ ಹಿಂದಿನ ಕೋಣೆಯೇ ಮೇಲು ಅಂತ ಅನ್ನಿಸುತ್ತಿದ್ದುದು ಇದಕ್ಕೇ!

1991–92ರಲ್ಲಿ ಆ ಜೇನೂ ಹೋಯಿತು. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ. ಮರಿಹುಳಗಳು ನೀರು ತುಂಬಿದ ಚೀಲದ ಹಾಗಾಗಿ ಎರಿಯಲ್ಲೇ ಸಾಯುತ್ತಿದ್ದವು. ದಕ್ಷಿಣ ಭಾರತದ ಬಹುಪಾಲು ತುಡುವೆ ಕುಟುಂಬಗಳು ಆ ಒಂದೆರಡು ವರ್ಷದಲ್ಲಿ ನಾಶವಾದವು. ಖಾಲಿ ಪೆಟ್ಟಿಗೆಗಳಲ್ಲಿ ಕೋಳಿ ಮೊಟ್ಟೆ ಇಡುತ್ತಿದ್ದುದನ್ನು ನೋಡಿದ್ದೇನೆ.

ಕಾಫಿ ಹೆಕ್ಕುವ ಹಕ್ಕು ಹೋದ ಬಗೆ ಬೇರೆ. ಅದನ್ನು ಕೊಂದದ್ದು ಒಳ್ಳೆಯ ಕಾಲ. 1992ರಿಂದ ಪೂಲ್ ಹಂತ ಹಂತವಾಗಿ ಸಡಿಲವಾಗಿ 1996ಕ್ಕೆ ಪೂರ್ತಿ ಹೋಯಿತು. ನಡುವೆ 1994ರಲ್ಲಿ ಬ್ರೆಜಿಲಿನಲ್ಲಿ ಕೊರೆಯುವ ಚಳಿಗೆ ಕಾಫಿ ಗಿಡಗಳು ಸುಟ್ಟುಹೋಗಿ ಲೋಕದಲ್ಲೆಲ್ಲ ದರ ಏರಿತು. ಹೊಸ ಕಾರು, ಹೊಸ ಜೀಪು, ಹೊಸ ಮನೆ ಎಲ್ಲ ಆಗ ಬಂದದ್ದು. ದರ ಏರಿದಾಗ ನೆಲದ ಕಾಫಿಗೂ ಬೆಲೆ ಬಂತು, ಬೆಲೆ ಬಂದ ಮೇಲೆ ಅದು ಮಕ್ಕಳದ್ದಾಗಿ ಉಳಿಯಲಿಲ್ಲ. ಜೊತೆಗೆ 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಂಡ ಕಾಯಿಕೊರಕ ಹುಳ ನಮ್ಮಲ್ಲಿಗೂ ಬಂತು. ಅದು ಉದುರಿದ ಕಾಯಿಯಲ್ಲೇ ಉಳಿದು ಮುಂದಿನ ಬೆಳೆಗೆ ಹತ್ತುತ್ತದೆ. ಒಂದು ಕಾಯಿಯನ್ನೂ ನೆಲದಲ್ಲಿ ಬಿಡಬೇಡಿ ಅಂತ ಮಂಡಳಿಯ ಸಲಹೆ. ಹೀಗೆ ಹೆಕ್ಕುವುದು ಆಳು ಇಟ್ಟು ಮಾಡಿಸುವ ತೋಟದ ಕೆಲಸವಾಯಿತು.

ಆಳು ಅಂದೆ. ಇಲ್ಲಿ ತುಸು ನಿಲ್ಲಬೇಕು. ಇಲ್ಲಿಯವರೆಗೆ ಹೇಳಿದ್ದು ತೋಟ ಇದ್ದವರ, ಇಲ್ಲವೇ ತೋಟದವರನ್ನು ಕೇಳುವ ಧೈರ್ಯ ಇದ್ದವರ ಮಕ್ಕಳ ಕಥೆ. ಲೈನ್‌ಮನೆಯ ಮಕ್ಕಳು ಅದೇ ಗಿಡದ ಬುಡದಲ್ಲಿ, ಅದೇ ಕುಕ್ಕರಗಾಲಲ್ಲಿ, ಅದೇ ಕಾಫಿ ಹೆಕ್ಕುತ್ತಿದ್ದರು. ಎರವರ, ಜೇನುಕುರುಬರ ಹುಡುಗರು, ಮೈಸೂರು ಸೀಮೆಯಿಂದ ಮೇಸ್ತ್ರಿಯ ಮುಂಗಡ ಹಣ ತಿಂದು ಬಂದವರ ಮಕ್ಕಳು. ನಾವು ಮಾಡಿದರೆ ಕೈಖರ್ಚು, ಅವರು ಮಾಡಿದರೆ ಕೂಲಿ. ಆ ಕೂಲಿಯೂ ಅವರ ಕೈಗೆ ಬರುತ್ತಿರಲಿಲ್ಲ, ಅಪ್ಪ ಅಮ್ಮನ ಚೀಲಕ್ಕೆ ಸೇರಿ ತೂಕವಾಗುತ್ತಿತ್ತು.

ಕಾನೂನಿಗೆ ನಮ್ಮ ಪರಿಚಯ ಇಲ್ಲದಿದ್ದರೂ ಅವರ ಪರಿಚಯ ಚೆನ್ನಾಗಿತ್ತು. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಹನ್ನೆರಡು ತುಂಬದ ಮಕ್ಕಳನ್ನು ದುಡಿಸಬಾರದು ಅಂತ ಹೇಳಿತು. ಅಂದರೆ ಹನ್ನೆರಡು ತುಂಬಿದವರನ್ನು ದುಡಿಸಬಹುದು, ಡಾಕ್ಟರ ಸರ್ಟಿಫಿಕೇಟ್ ಒಂದಿದ್ದರೆ ಆಯಿತು! 1948ರ ಕನಿಷ್ಠ ವೇತನ ಕಾಯ್ದೆಯಲ್ಲಿ ದೊಡ್ಡವರಿಗೆ, ಹದಿಹರೆಯದವರಿಗೆ, ಮಕ್ಕಳಿಗೆ ಬೇರೆ ಬೇರೆ ದರ ಗೊತ್ತುಮಾಡಲು ಅವಕಾಶವಿತ್ತು. ಜೀತ ಪದ್ಧತಿ ರದ್ದಾದದ್ದು 1976ರ ಕಾಯ್ದೆಯಿಂದ. ಆಮೇಲೂ ಸಾಲ ತೀರುವವರೆಗೆ ತೋಟ ಬಿಡಲಾಗದ ಎರವ ಕುಟುಂಬಗಳು ಕಣ್ಣಮುಂದೆಯೇ ಇದ್ದವು. ನನ್ನ ಜೊತೆ ಐದನೇ ಕ್ಲಾಸಿನವರೆಗೆ ಓದಿದ ಒಬ್ಬ ಎರವರ ಹುಡುಗ ಆರನೆಯದಕ್ಕೆ ಬರಲಿಲ್ಲ. ಕಾಡಿನಲ್ಲಿ ಸೀಗೆಕಾಯಿ, ಮಳೆಗಾಲದಲ್ಲಿ ಅಣಬೆ, ಕಣಿಲೆ ಎಲ್ಲಿ ಸಿಗುತ್ತದೆ ಅಂತ ನಮಗೆಲ್ಲ ತೋರಿಸಿಕೊಟ್ಟವನು ಅವನೇ. ಅದನ್ನು ಮಾರಿ ನಾವು ಹಾಕಿ ಬಾಲ್ ತಂದೆವು, ಅವನ ಮನೆಯಲ್ಲಿ ಅಕ್ಕಿ ತಂದರು.

2016ರಲ್ಲಿ ಬಾಲಕಾರ್ಮಿಕ ಕಾಯ್ದೆಗೆ ತಿದ್ದುಪಡಿ ಬಂದು ಹದಿನಾಲ್ಕರೊಳಗಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವ ಹಾಗಿಲ್ಲ ಎಂದಾಯಿತು. ಒಳ್ಳೆಯದೇ ಆಯಿತು. ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ ಮನೆಯವರ ಕೆಲಸಕ್ಕೆ ಕೈಜೋಡಿಸಬಹುದು ಅಂತ ಒಂದು ವಿನಾಯಿತಿಯನ್ನೂ ಇಟ್ಟಿದ್ದಾರೆ. ಮನೆಗೆ ತೋಟ ಇದ್ದವನಿಗೆ ಅದು ಸರಿ. ಮನೆಯೇ ಲೈನ್‌ಮನೆಯಾದರೆ, ಅಮ್ಮನ ಜೊತೆ ಸಾಹುಕಾರರ ತೋಟದಲ್ಲಿ ಕಾಫಿ ಕೊಯ್ಯುವುದು ಮನೆಗೆಲಸವೋ ಕೂಲಿಯೋ?

ಈಗ ಕಾಫಿ ಕೊಯ್ಯಲು ಅಸ್ಸಾಂ, ಜಾರ್ಖಂಡಿನವರು ಬರುತ್ತಾರೆ. ನಮ್ಮ ಹುಡುಗರು ರಜೆಯಲ್ಲಿ ಮದುವೆ ಕ್ಯಾಟರಿಂಗಿಗೆ ಬಡಿಸಲು ಹೋಗುತ್ತಾರೆ, ಹೋಮ್‌ಸ್ಟೇಯಲ್ಲಿ ಕ್ಯಾಂಪ್‌ಫೈರ್ ಹಾಕುತ್ತಾರೆ. ಹಣ ನೇರ ಮೊಬೈಲಿಗೆ. 2024ರಲ್ಲಿ ರೋಬಸ್ಟಾ ಚೆರಿ 50 ಕಿಲೋ ಚೀಲಕ್ಕೆ ಹತ್ತು ಸಾವಿರ ದಾಟಿತು. ಕಣದಲ್ಲಿ ಹರಡಿದ ಕಾಫಿಗೆ ಕಳ್ಳರ ಕಾಟ, ಅದಕ್ಕೆ ಕಾವಲು, ಸಿಸಿಟಿವಿ. ಕಳೆದ ಬೇಸಿಗೆ ಊರಿಗೆ ಹೋದಾಗ ಹೂಮಳೆಗೆ ಮುಂಚಿನ ದಿನಗಳು. ಬೇಲಿಯ ಆಚೆ ಒಬ್ಬ ಹುಡುಗ ಗೋಣಿಚೀಲ ಹಿಡಿದು ಬಗ್ಗಿ ಏನೋ ಹೆಕ್ಕುತ್ತಿದ್ದ. ನನ್ನನ್ನು ಕಂಡದ್ದೇ ಚೀಲ ಅಲ್ಲೇ ಬಿಟ್ಟು ಓಡಿದ. ಬಿಚ್ಚಿ ನೋಡಿದರೆ ಬಾವಲಿ ಉಗುಳಿದ ಬೀಜ, ಎರಡು ಹಿಡಿ ಇರಬಹುದು.